ಲಿಸ್ಬನ್ನಿನಲ್ಲಿ ಬಾಡಿಗೆ ಹಗುರವೆಂದ ಮಹನೀಯರಿಗೆ

ಯುರೋಪಿನ ನಲವತ್ತು ನಗರಗಳ ಮನೆಬಾಡಿಗೆಯನ್ನೂ ಸಂಬಳವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ನಗರ ತುಲನಾ ಕೇಂದ್ರದ ಘನತೆವೆತ್ತ ನಿರ್ದೇಶಕರಿಗೆ, ಲಿಸ್ಬನ್ನಿನ ಗ್ರಾಸಾ ಗುಡ್ಡದ ಶಾಲೆಯೊಂದರಲ್ಲಿ ಅಡುಗೆ ಮಾಡುವ ಒಟೀಲಿಯಾ ಫಲ್ಕಾವ್ ಎಂಬ ನಲವತ್ತಾರು ವರ್ಷದ ಹೆಂಗಸು ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ ತಮ್ಮ ತಲೆಯ ಮೇಲೆ ಸ್ವಂತ ಸೂರಿದೆಯೆಂದೂ ನಂಬಿದ್ದೇನೆ. ತಮ್ಮ ಕಳೆದ ವರ್ಷದ ಪಟ್ಟಿಯನ್ನು ನಾನು ಹುಡುಕಿಕೊಂಡು ಹೋಗಿ ಓದಿದವಳಲ್ಲ; ಅದು ತಾನಾಗಿಯೇ ನನ್ನ ಮನೆಗೆ, ನನ್ನ ಮಾಲೀಕರಾದ ಸೆನ್ಯೋರ್ ಹೆರ್ಕುಲಾನೊ ಅವರ ಕೋಟಿನ ಜೇಬಿನಲ್ಲಿ ಕೂತು, ಮೂರು ಮಹಡಿ ಹತ್ತಿ ಬಂತು. ನಾನ್ನೂರ ಎಂಬತ್ತು ಯೂರೋ ಬಾಡಿಗೆಗೆ ಹನ್ನೊಂದು ವರ್ಷ ಬಾಳಿದ ಮನೆಯ ಕರಾರು ಮುಗಿಯಲು ಎರಡೇ ತಿಂಗಳಿತ್ತು. ಅವರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಲಿಸ್ಬನ್ ಇದ್ದ ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟರು.

"ದೊನ ಒಟೀಲಿಯಾ, ನಾನೇನು ಕಟುಕ ಅಲ್ಲ. ನೀವೇ ನೋಡಿ. ಒಂದು ಕೋಣೆ ಮನೆಗೆ ಸಾವಿರದ ನೂರ ಐವತ್ತು. ಅದೂ ನಿಮ್ಮ ಸಂಬಳದ ಮೂರನೇ ಒಂದು ಭಾಗ ಅಷ್ಟೇ. ಹಗುರ!"

"ನನ್ನ ಸಂಬಳ ಎಷ್ಟಂತೆ?"

"ಮೂರು ಸಾವಿರದ ನಾನ್ನೂರು."

"ಯಾರದ್ದು, ನಂದಾ?"

"ಪಟ್ಟೀಲಿ ಹಾಗೇ ಇದೆಯಲ್ಲಮ್ಮ," ಎಂದರು ಅವರು, ಇಷ್ಟು ವರ್ಷ ನಾನು ದುಡ್ಡು ಬಚ್ಚಿಟ್ಟಿದ್ದೆನೇನೋ ಎಂಬ ನೋವಿನಿಂದ.

ಅಚ್ಚಾದ ಮಾತನ್ನು ಅಲ್ಲಗಳೆಯಲು ನಾನು ಎಷ್ಟರವಳು? ಮರುದಿನವೇ ಮುಖ್ಯೋಪಾಧ್ಯಾಯಿನಿ ದೊನ ಐಡಾ ಅವರ ಕೋಣೆಗೆ ಹೋಗಿ, ನನಗೆ ತಿಂಗಳಿಗೆ ಒಂಬೈನೂರ ನಲವತ್ತು ಯೂರೋ ಮಾತ್ರ ಬರುತ್ತಿದೆ, ಉಳಿದ ಎರಡು ಸಾವಿರದ ನಾನ್ನೂರ ಅರವತ್ತು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿರಬೇಕು, ದಯವಿಟ್ಟು ಹುಡುಕಿಸಿಕೊಡಿ ಎಂದು ವಿನಂತಿಸಿದೆ. ಆಕೆ ಪಟ್ಟಿಯನ್ನು ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಸಿಕ್ಕಿದ್ರೆ ಅಲ್ಲೇ ಪಕ್ಕದಲ್ಲಿ ನಂದೂ ಬಿದ್ದಿರುತ್ತೆ, ಒಟೀಲಿಯಾ. ಎರಡನ್ನೂ ಎತ್ಕೊಂಡು ಬಾ." ಹಾಳೆಯ ತಳದಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿದ್ದ ಸಾಲನ್ನು ನನಗೆ ಓದಿ ಹೇಳಿದವರೂ ಅವರೇ: ಬಾಡಿಗೆ ಈ ಊರಿನದು, ಸಂಬಳ ಮಾತ್ರ ಬೇರೆ ದೇಶದ ಕಂಪನಿಗಳಿಗೆ ಇಲ್ಲಿ ಕೂತು ಕೆಲಸ ಮಾಡುವವರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದರು. ಇನ್ನೊಬ್ಬರ ಹಾಸಿಗೆಯನ್ನು ಅಳೆದು ನಮ್ಮ ಕಾಲಿಗೆ ಬಾಡಿಗೆ ಕಟ್ಟುವ ವಿದ್ಯೆ ಅವರಿಗೆ ತಿಳಿದಿರಲಿಲ್ಲ. ಆ ಜಾಣ್ಮೆಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಶಾಲೆ ಮುಗಿದ ಮೇಲೆ ಪ್ರತಿದಿನ ಮನೆ ಹುಡುಕಿದೆ. ಆರನೆಯ ವಾರ, ಪೆನ್ಯಾ ದ ಫ್ರಾನ್ಸಾ ಬಡಾವಣೆಯ ಬೀದಿಯೊಂದರಲ್ಲಿ, ಐದನೆಯ ಮಹಡಿಯ ಎರಡು ಕೋಣೆಯ ಮನೆಯೊಂದು ಒಂಬೈನೂರು ಯೂರೋಗೆ ಇದೆಯೆಂದು ತಿಳಿದು ಓಡಿದರೆ, ನನಗಿಂತ ಮೊದಲು ಬಂದ ಜನ ಮೆಟ್ಟಿಲುಗಳ ತುಂಬ ಬೀದಿಯವರೆಗೆ ನಿಂತಿದ್ದರು. ನನ್ನ ಮುಂದಿನ ಮೆಟ್ಟಿಲಲ್ಲಿದ್ದವರು ಡೆಲಿಯೊ ಬರ್ರಾದಸ್, ನದಿ ದಾಟಿಸುವ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದವರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾದವರು. ಇದೆಲ್ಲ ನನಗೆ ಎರಡನೆಯ ಮಹಡಿ ತಲುಪುವಷ್ಟರಲ್ಲಿ ತಿಳಿಯಿತು. ಮೂರನೆಯ ಮಹಡಿಯಲ್ಲಿ ಅವರು ತಮ್ಮ ಬ್ರೆಡ್ಡು ಮುರಿದು ಅರ್ಧ ನನಗೆ ಕೊಟ್ಟರು.

ಮೇಲೆ, ಬಾಗಿಲಲ್ಲಿ ನಿಂತಿದ್ದ ದಲ್ಲಾಳಿ ಹುಡುಗಿ ಒಂದೇ ಮಾತು ಹೇಳುತ್ತಿದ್ದಳು: "ಸಂಬಳ ಬಾಡಿಗೆಯ ಎರಡರಷ್ಟಿರಬೇಕು. ಇಲ್ದಿದ್ರೆ ಕೆಳಗೆ ಇಳೀರಿ." ಜನ ಇಳಿಯುತ್ತಲೇ ಇದ್ದರು. ಡೆಲಿಯೊ ತಮ್ಮ ಸಂಬಳದ ಚೀಟಿ ತೋರಿಸಿದರು, ಸಾವಿರದ ಐವತ್ತು. ಅವಳು ಆಗದೆಂದು ತಲೆಯಾಡಿಸಿದಳು. ನಾನು ಕೂಡುವುದರಲ್ಲಿ ಚುರುಕು. ನೂರ ಎಂಬತ್ತು ಮಕ್ಕಳ ಸೂಪಿಗೆ ಉಪ್ಪಿನ ಲೆಕ್ಕ ಹಾಕುವವಳು. ನನ್ನ ಚೀಟಿಯನ್ನು ಅವರ ಚೀಟಿಯ ಮೇಲಿಟ್ಟೆ.

"ನೀವಿಬ್ರೂ ದಂಪತಿನಾ?"

"ಹೌದು," ಎಂದೆ. ಕಿವಿಯವರೆಗೆ ಮುಖ ಕೆಂಪೇರಿತು.

"ಮದುವೆ ಆಗಿ ಎಷ್ಟು ವರ್ಷ ಆಯ್ತು?"

"ಐದು ಮಹಡಿ," ಎಂದರು ಡೆಲಿಯೊ.

ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು: "ಕೆಳಗೆ ಇನ್ಯಾರಾದ್ರೂ ಒಂಟಿ ಗಂಡಸರಿದ್ದೀರಾ? ಸಾವಿರದ ಮೇಲೆ ಸಂಬಳ ಇದ್ರೆ ಸಾಕು, ಹಲ್ಲಿಲ್ದಿದ್ರೂ ಪರವಾಗಿಲ್ಲ!" ಮೆಟ್ಟಿಲುಗಳೆಲ್ಲ ನಗುತ್ತಿದ್ದವು. ದಲ್ಲಾಳಿ ಹುಡುಗಿ ನಗಲಿಲ್ಲ. ಕಡತಕ್ಕೆ ಮೊಹರು ಹಾಕುತ್ತ, ನಮಗಷ್ಟೇ ಕೇಳುವಂತೆ, "ನಮ್ಮನೇಲೂ ಹೀಗೇ. ನನ್ನ ಗಂಡನ ಮನೆಹೆಸರು ನಂಗಿನ್ನೂ ಸರಿಯಾಗಿ ಬರೆಯೋಕೆ ಬರಲ್ಲ," ಎಂದಳು.

ಹೀಗೆ ತಮ್ಮ ಕೃಪೆಯಿಂದ ನಾನು ಸಂಸಾರಸ್ಥಳಾದೆ. ಬೇಜಾ ಎಂಬ ಊರಿನಲ್ಲಿರುವ ಅಕ್ಕನಿಗೆ ಹೇಳಲು ನಾಚಿಕೆಯಾಗಿ ಒಂದು ತಿಂಗಳು ಸುಳ್ಳು ಹೇಳಿದೆ, ಗೊತ್ತಾದ ದಿನ ಆಕೆ ಬಸ್ಸು ಹತ್ತಿ ಬಂದು, ಎರಡು ಕೋಣೆಗಳನ್ನೂ ಎರಡು ಮಂಚಗಳನ್ನೂ ಕಣ್ಣಾರೆ ಕಂಡು, "ಇಷ್ಟೇನಾ?" ಎಂದು ನಿರಾಶೆಯಿಂದ ಹೊದಿಕೆಯೊಂದನ್ನು ಉಡುಗೊರೆ ಕೊಟ್ಟು ಹೋದಳು. ಡೆಲಿಯೊ ಬೆಳಗಿನ ದೋಣಿಗೆ ಹೊರಡುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ, ನನ್ನ ನಿದ್ದೆ ಕೆಡದಿರಲೆಂದು. ನಾನು ಎಲೆಕೋಸಿನ ಸೂಪು ಮುಚ್ಚಿಟ್ಟಿರುತ್ತೇನೆ. ಭಾನುವಾರ ಉಪ್ಪುಮೀನಿನ ಅಡುಗೆ ಅವರದು.

ಈ ನಡುವೆ ತಮ್ಮ ಹೊಸ ಪಟ್ಟಿ ಹೊರಬಂದಿದೆ. ಲಿಸ್ಬನ್ ಹದಿನೇಳರಿಂದ ಹನ್ನೊಂದಕ್ಕೆ ಏರಿದೆ! ಕಾರಣವನ್ನೂ ತಾವೇ ಬರೆದಿದ್ದೀರಿ: ಒಂದೇ ಸೂರಿನಡಿ ಎರಡು ಸಂಬಳ ತರುವ ದಂಪತಿಗಳ ಸಂಖ್ಯೆ ಗಣನೀಯವಾಗಿ ಹೆಚ್ಚಿದ್ದು, ನಗರವು ಕುಟುಂಬಜೀವನಕ್ಕೆ ಹೇಳಿಮಾಡಿಸಿದಂತಿದೆ. ಓದಿ ಧನ್ಯಳಾದೆ. ಆದರೆ ತಾವು ಹೊಗಳಿದಷ್ಟೂ ಬಾಡಿಗೆ ಏರುತ್ತದೆ; ಈ ಪ್ರಶಂಸೆಯನ್ನು ಇನ್ನೊಂದು ವರ್ಷ ತಾಳುವ ಶಕ್ತಿ ನಮಗಿಲ್ಲವಾದ್ದರಿಂದ, ಮುಂದಿನ ಸಲ ನಮ್ಮನ್ನು ನಲವತ್ತನೆಯ ಸ್ಥಾನಕ್ಕೆ ತಳ್ಳಬೇಕೆಂದು ಬೇಡುತ್ತೇನೆ. ಇಲ್ಲಿನ ಬಿಸಿಲು ಚುಚ್ಚುತ್ತದೆ, ಸಾರ್ಡೀನು ಮೀನು ನಾರುತ್ತದೆ, ಒಣಹಾಕಿದ ಬಟ್ಟೆ ದಾರಿಹೋಕರ ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಗುಡ್ಡ ಹತ್ತಿದವರ ಮಂಡಿ ಉಳಿಯುವುದಿಲ್ಲ ಎಂದೆಲ್ಲ ಬರೆಯಿರಿ. ಸಾಕ್ಷಿಗೆ ನನ್ನ ಮಂಡಿಗಳಿವೆ. ಅದಾಗದಿದ್ದರೆ ತಿಂಗಳಿಗೆ ತೊಂಬತ್ತು ದಿನ ಕೆಲಸ ಮಾಡಲು ಅನುಕೂಲವಾಗುವಂತೆ ಪಂಚಾಂಗವನ್ನಾದರೂ ತಿದ್ದಿಸಿರಿ.

ಇನ್ನು, ಈ ಪತ್ರ ಬರೆಯಲು ನಿಜವಾದ ಕಾರಣ. ಕಳೆದ ಭಾನುವಾರ ಮೀನಿನ ಮುಳ್ಳು ಬಿಡಿಸುತ್ತ ಡೆಲಿಯೊ ತಲೆಯೆತ್ತದೆ ಕೇಳಿದರು: "ಒಟೀಲಿಯಾ, ನೋಂದಣಿ ಕಚೇರಿಗೆ ಹೋಗಿ ನಿಜವಾಗ್ಲೂ ಸಹಿ ಹಾಕೋಣ್ವಾ?" ನನ್ನ ಎದೆ ಹೊಡೆದುಕೊಂಡಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದಿನ ವರ್ಷ ಕರಾರು ಹೊಸದಾಗಿ ಬರೆಯುವಾಗ ಮದುವೆಯ ಪ್ರಮಾಣಪತ್ರ ಬೇಕೆಂದು ಅದೇ ವಾರ ಈ ಮನೆಯ ಮಾಲೀಕರ ಕಾಗದ ಬಂದಿತ್ತು. ಕೇಳುತ್ತಿರುವುದು ಮನುಷ್ಯನೋ ಬಾಡಿಗೆಯೋ ಎಂದು ನನಗೆ ತಿಳಿಯಲಿಲ್ಲ; ಬಹುಶಃ ಪಾಪ, ಅವರಿಗೂ ತಿಳಿದಿರಲಿಕ್ಕಿಲ್ಲ. "ಬಾಡಿಗೆ ಇಳಿದ ಮೇಲೆ ಇನ್ನೊಂದ್ಸಲ ಕೇಳಿ," ಎಂದೆ. ಅವರು ತಟ್ಟೆ ತೊಳೆಯಲು ಎದ್ದರು. "ಕೇಳ್ತೀನಿ," ಎಂದರು.

ಆದ್ದರಿಂದ, ಮಹನೀಯರೇ, ದಯಮಾಡಿ ಸ್ವಲ್ಪ ಬೇಗ ಇಳಿಸಿ. ಅವರು ಕೇಳುವುದನ್ನು ನಾನು ಕಾಯುತ್ತಿದ್ದೇನೆ.

ತಮ್ಮ ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ ಒತ್ತಿಕೊಂಡು ಬಾಳುತ್ತಿರುವ,
ತಮ್ಮ ವಿಶ್ವಾಸಿ,
ಒಟೀಲಿಯಾ ಫಲ್ಕಾವ್

ಮರೆತ ಮಾತು: ನಮ್ಮ ಕೆಳಗಿನ ಮಹಡಿಗೆ ಹೊಸದಾಗಿ ಬಂದಿರುವ ಹೆಂಗಸು ತಮ್ಮ ಊರಿನವರೇ. ಒಂಬತ್ತು ವರ್ಷ ತಮ್ಮ ಕಚೇರಿಯಲ್ಲೇ ಅಂಕಿಗಳನ್ನು ತುಂಬುತ್ತಿದ್ದರಂತೆ. ತಾವು ಕೊಡುವ ಸಂಬಳದಲ್ಲಿ ತಮ್ಮೂರಿನ ಬಾಡಿಗೆ ಕಟ್ಟಲಾಗದೆ ಇಲ್ಲಿಗೆ ಬಂದರಂತೆ. ತಮಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ, ಒಂದು ವರನನ್ನೂ ಹುಡುಕುತ್ತಿದ್ದಾರೆ.