ಇಲಾಖೆಯ ಮುದ್ರೆ ಬಿದ್ದ ಹೃದಯ

ಈ ಸಲ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ, ಸಿಸ್ಟರಮ್ಮಾ. ಹೋದ ತಿಂಗಳು ನನ್ನ ಮೊಣಕಾಲಿನ ವಿಷಯ ಕೇಳಿದಾಗ ಆನೆ ತುಳೀತು ಅಂದಿದ್ದೆ. ಅದು ಆನೆ ಅಲ್ಲ, ಸ್ಕೂಟರು. ಒಪ್ಕೋತೀನಿ. ಆದ್ರೆ ಇದು ಹೃದಯದ ಮಾತು, ಇದರಲ್ಲಿ ತಮಾಷೆ ಮಾಡೋಕಾಗಲ್ಲ. ನಿಮ್ಮ ಫಾರಮ್ಮಲ್ಲಿ ‘ಈ ಹಿಂದೆ ಹೃದಯದ ತೊಂದರೆ ಇತ್ತೇ’ ಅಂತ ಕೇಳಿ ಒಂದಿಂಚು ಜಾಗ ಬಿಟ್ಟಿದಾರಲ್ಲ, ಅದು ಸಾಲಲ್ಲ. ಹಿಂದುಗಡೆ ತಿರುಗಿಸಿ ಬರ್ಕೊಳ್ಳಿ.

ಹೃದ್ರೋಗ ಸಂಶೋಧನಾ ಸಂಸ್ಥೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ರೆಕಾರ್ಡ್ ರೂಮಿನ ಅಟೆಂಡರ್ ಆಗಿದ್ದೆ. ಹೃದಯಕ್ಕೆ ರಕ್ತ ಒಯ್ಯೋ ನಾಳದಲ್ಲಿ ಕೊಬ್ಬು ಯಾಕೆ ಕಟ್ಟುತ್ತೆ, ಕಟ್ಟೋಕೆ ಮುಂಚೆ ಅದನ್ನ ಕಂಡುಹಿಡಿಯೋದು ಹೇಗೆ, ಇದು ಸಂಸ್ಥೆಯ ಕೆಲಸ. ನೆಲಮಾಳಿಗೆಯ ಕಡತಗಳನ್ನ ನಾಲ್ಕನೇ ಮಹಡಿಗೆ ಹೊತ್ತು, ಅಲ್ಲಿಯವರು ‘ಇದಲ್ಲಯ್ಯಾ’ ಅಂದಮೇಲೆ ವಾಪಸ್ ಇಳಿಸೋದು ನನ್ನ ಕೆಲಸ. ಲಿಫ್ಟ್ ಇತ್ತು. ಅದರ ಬಾಗಿಲ ಮೇಲೆ ‘ಅಧಿಕಾರಿಗಳಿಗೆ ಮತ್ತು ಹೆಣಗಳಿಗೆ ಮಾತ್ರ’ ಅಂತ ಬೋರ್ಡಿತ್ತು. ನಾನು ಎರಡೂ ಅಲ್ಲದ್ದರಿಂದ ಮೆಟ್ಟಿಲು.

ಒಂದು ಮಂಗಳವಾರ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಎದುರಿನ ತರಕಾರಿ ಅಂಗಡಿಯ ತಕ್ಕಡಿ ನೋಡೋಕೆ ಬಂದಿದ್ರು. ಬಾಯಾರಿಕೆ ಆಯ್ತು ಅಂತ ನೀರು ಕುಡಿಯೋಕೆ ನಮ್ಮಲ್ಲಿಗೆ ಬಂದ್ರು. ಅಲ್ಲೇ ಇದ್ದ ಇಸಿಜಿ ಯಂತ್ರ ಕಣ್ಣಿಗೆ ಬಿತ್ತು.

"ಇದು ಏನು ಅಳೆಯುತ್ತೆ?"

"ಹೃದಯ ಸಾರ್" ಅಂದ್ರು ನಮ್ಮ ನಿರ್ದೇಶಕರು.

"ಇಲಾಖೆ ಮುದ್ರೆ ಎಲ್ಲಿ?"

"ಇದಕ್ಕೂ ಬೇಕಾ?"

"ಏನ್ರೀ ಹೀಗಂತೀರಿ? ಅಳೆಯೋದು ಅಂದಮೇಲೆ ಮುದ್ರೆ ಬೇಡ್ವಾ? ತೂಕಕ್ಕೆ ಒಂದು ಮೂಲ ಕಲ್ಲಿದೆ, ಲೀಟರಿಗೆ ಒಂದು ಮೂಲ ಪಾತ್ರೆ ಇದೆ. ನಿಮ್ಮ ಮೂಲ ಹೃದಯ ಎಲ್ಲಿಟ್ಟಿದೀರಿ?"

"ಪುಸ್ತಕದಲ್ಲಿ ಚಿತ್ರ ಇದೆ ಸಾರ್."

"ಕಲ್ಲಿನ ಚಿತ್ರ ಇಟ್ಕೊಂಡು ತರಕಾರಿಯವನು ಬದನೆಕಾಯಿ ತೂಗಿದ್ರೆ ಸುಮ್ನಿರ್ತೀರಾ?"

ಹದಿನೈದು ದಿನದಲ್ಲಿ ಮಾದರಿ ಹೃದಯ ಹಾಜರುಪಡಿಸದಿದ್ದರೆ ಯಂತ್ರಗಳಿಗೆಲ್ಲ ಬೀಗ ಅಂತ ನೋಟಿಸ್ ಕೊಟ್ಟು, ಇನ್ನೊಂದು ಲೋಟ ನೀರು ಕುಡಿದು ಹೋದ್ರು.

ಮೊದಲು ಡಾಕ್ಟರುಗಳನ್ನೇ ಸಾಲಾಗಿ ಮಲಗಿಸಿ ನೋಡಿದ್ರು. ಇಪ್ಪತ್ತೆರಡು ಜನ. ಯಂತ್ರದಿಂದ ಬಂದ ಮೊದಲನೇ ಕಾಗದ ನೋಡಿ ನಿರ್ದೇಶಕರು ‘ಈ ರೋಗಿಯನ್ನು ಕೂಡಲೇ ದಾಖಲಿಸಿ’ ಅಂತ ಷರಾ ಬರೆದು, ಸಹಿ ಹಾಕಿ, ಆಮೇಲೆ ಹೆಸರು ನೋಡಿದ್ರು. ಅವರದ್ದೇ. ಮಿಕ್ಕ ಇಪ್ಪತ್ತೊಂದೂ ಅದರ ಅಣ್ಣತಮ್ಮಂದಿರು. ಅಷ್ಟರಲ್ಲಿ ನಾನು ಕಡತ ಹೊತ್ಕೊಂಡು ಹೋದೆ. ಹಾಸಿಗೆ ಖಾಲಿ ಇತ್ತು, ನನ್ನನ್ನೂ ಮಲಗಿಸಿದ್ರು. ಗೆರೆ ಬಂತು ನೋಡಿ! ಅಚ್ಚುಕೂಟದಲ್ಲಿ ಹೊಡೆದ ಹಾಗೆ. ನಾಲ್ಕನೇ ಮಹಡಿಯವರು ನನ್ನ ಮುಖ ನೋಡಿದ್ದು ಅದೇ ಮೊದಲು.

ಇನ್ಸ್‌ಪೆಕ್ಟರು ಬಂದು ನನ್ನ ಎಡಗಡೆ ಎದೆಗೆ ನೇರಳೆ ಶಾಯಿಯ ಮುದ್ರೆ ಒತ್ತಿದ್ರು. ಆದೇಶ ಹೊರಟಿತು. ನನಗೆ ಈಗಲೂ ಬಾಯಿಪಾಠ:

‘ಸದರಿ ಸಂಸ್ಥೆಯ ರೆಕಾರ್ಡ್ ರೂಮ್ ಅಟೆಂಡರ್ ಇವರ ಎದೆಯಲ್ಲಿ ಲಭ್ಯವಿರುವ ಹೃದಯವನ್ನು ಈ ಮೂಲಕ ಮಾದರಿ ಹೃದಯವೆಂದು ಘೋಷಿಸಲಾಗಿದೆ. ಸದರಿ ಹೃದಯವು ಸವೆಯದಂತೆ ಎಚ್ಚರ ವಹಿಸತಕ್ಕದ್ದು. ಮೆಟ್ಟಿಲು ಹತ್ತತಕ್ಕದ್ದಲ್ಲ. ಭಾರ ಎತ್ತತಕ್ಕದ್ದಲ್ಲ. ಮನೆಯಲ್ಲಿ ಜಗಳ ಮಾಡಬೇಕಾದಲ್ಲಿ ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡತಕ್ಕದ್ದು.’

ನಮ್ಮನೆಯವಳಿಗೆ ಓದಿ ಹೇಳ್ದೆ. "ಗುರುವಾರಕ್ಕೆ ಒಂದು ಬರ್ಕೊಳ್ಳಿ" ಅಂದಳು, "ವಿಷಯ ಆಮೇಲೆ ನೋಡ್ಕೊಂಡ್ರಾಯ್ತು."

ಅಲ್ಲಿಂದ ನನ್ನ ದೆಸೆ ತಿರುಗಿತು. ಲಿಫ್ಟಿನ ಬೋರ್ಡಿಗೆ ‘ಮಾದರಿಗೆ’ ಅಂತ ಸೇರಿಸಿದ್ರು. ಒಂದು ಸೋಫಾ, ಒಂದು ಫ್ಯಾನು. ಅಧಿಕಾರಿಗಳ ಕ್ಯಾಂಟೀನಿಂದ ದಿನಕ್ಕೆ ಐದು ಸಲ ಬೆಣ್ಣೆ ಬ್ರೆಡ್ಡು, ಕೆನೆ ತೇಲೋ ಹಾಲು. ಎದ್ದು ನಿಂತ್ರೆ ಇಬ್ಬರು ಓಡಿ ಬಂದು ಕೂರಿಸೋರು. ಸೀನೋದಿದ್ರೆ ಡಾಕ್ಟರ ಸಮ್ಮುಖದಲ್ಲೇ ಸೀನಬೇಕು. ಮೂರು ವರ್ಷ ಆಗೋಷ್ಟರಲ್ಲಿ ನನ್ನ ಹೊಟ್ಟೆ ಲಿಫ್ಟಿಂದ ಮೊದಲು ಇಳಿದು, ನಾನು ಹಿಂದಿನಿಂದ ಬರ್ತಿದ್ದೆ.

"ಅಜ್ಜಾ, ಸ್ವಲ್ಪ ಮಾತು ನಿಲ್ಲಿಸ್ತೀರಾ? ಇದನ್ನ ಎದೆ ಮೇಲಿಟ್ಟು ಕೇಳಬೇಕು."

ಇಡಿ ತಾಯಿ, ಧಾರಾಳವಾಗಿ ಇಡಿ. ನಾನು ಮೆತ್ತಗೆ ಹೇಳ್ತೀನಿ, ನಿಮ್ಮ ಪಾಡಿಗೆ ನೀವು ಕೇಳ್ಕೊಳ್ಳಿ.

ಒಂದು ದಿನ ಬಚ್ಚಲಿಂದ ಸೋಫಾಗೆ ಬರೋಷ್ಟರಲ್ಲಿ ಎದೆ ಮೇಲೆ ಯಾರೋ ಸಿಮೆಂಟ್ ಮೂಟೆ ಇಳಿಸಿದ ಹಾಗಾಯ್ತು. ಎಡಗೈ ಸೆಳೀತು, ಬೆವರು ಕಿತ್ಕೊಂಡು ಬಂತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮ ಒಬ್ಬರು ಓಡಿ ಬಂದು ಇಸಿಜಿ ತೆಗೆದು, ನಿರ್ದೇಶಕರ ಹತ್ತಿರ ಹೋದ್ರು.

"ಸಾರ್, ಗೆರೆ ಕೆಳಗಿಳಿದಿದೆ. ಇವರ ನಾಳ ಕಟ್ಕೊಳ್ತಿದೆ. ಚೆನ್ನಾಗಿದ್ದ ಹೃದಯಾನ ಕೂರಿಸಿ, ತಿನ್ನಿಸಿ ನಾವೇ ಕೆಡಿಸಿದೀವಿ. ಕಾಯಿಲೆ ಹೇಗೆ ಬರುತ್ತೆ ಅಂತ ಹನ್ನೆರಡು ವರ್ಷದಿಂದ ಹುಡುಕ್ತಿದೀವಲ್ಲ ಸಾರ್, ಇಲ್ಲೇ ಇದೆ, ಸೋಫಾ ಮೇಲೆ!"

ನಿರ್ದೇಶಕರು ಕನ್ನಡಕ ಒರೆಸ್ಕೊಂಡ್ರು. "ಮೂಲ ಕಲ್ಲು ತೂಕ ಇಳಿಸ್ಕೊಳ್ತು ಅಂತ ಎಲ್ಲಾದ್ರೂ ಕೇಳಿದೀಯೇನಮ್ಮಾ? ಮಾದರಿ ಹೇಗಿದೆಯೋ ಅದೇ ಸರಿ. ಬೇರೆ ಥರ ಇರೋರು ತಪ್ಪು."

ಸಂಜೆಯೊಳಗೆ ಸುತ್ತೋಲೆ ಬಂತು. ಇನ್ನು ಮುಂದೆ ಗೆರೆ ಕೆಳಗಿಳಿದಿರುವವರು ಆರೋಗ್ಯವಂತರು, ಇಳಿಯದೇ ಇರುವವರು ರೋಗಿಗಳು. ತುರ್ತು ಘಟಕದಲ್ಲಿದ್ದ ಹದಿನಾಲ್ಕು ಜನಕ್ಕೆ ‘ಸಂಪೂರ್ಣ ಆರೋಗ್ಯ’ ಅಂತ ಸರ್ಟಿಫಿಕೇಟ್ ಕೊಟ್ಟು ಕಳಿಸಿದ್ರು. ಗೇಟಿನ ತನಕ ಹೋಗೋಷ್ಟರಲ್ಲಿ ಪಾಪ, ಒಬ್ಬೊಬ್ಬರೂ ಮೂರು ಮೂರು ಸಲ ಕೂತ್ರು. ಖಾಲಿಯಾದ ಹಾಸಿಗೆಗೆ ಸೈಕಲ್ ತುಳಿಯೋ ಪೋಸ್ಟ್‌ಮ್ಯಾನನ್ನ ಎತ್ಕೊಂಡು ಬಂದ್ರು.

"ನಂಗೇನೂ ಆಗಿಲ್ಲ ಬಿಡ್ರೋ!" ಅಂತ ಅವನು ಕೂಗಾಡಿದ.

"ಏನೂ ಆಗದೇ ಇರೋದೇ ಮೊದಲನೇ ಲಕ್ಷಣ" ಅಂತ ಸಮಾಧಾನ ಮಾಡಿದ್ರು.

ಅವನ ಸೈಕಲ್ ಕಿತ್ಕೊಂಡು, ಬೆಣ್ಣೆ ಬ್ರೆಡ್ಡು ಶುರುಮಾಡಿದ್ರು. ಆರು ತಿಂಗಳಿಗೆ ಪೂರ್ತಿ ಗುಣ ಆಗಿ ಏದುಸಿರು ಬಿಡ್ತಾ ಮನೆಗೆ ಹೋದ. ಹೀಗೇ ಈಜು ಕಲಿಸೋರು, ಗಾರೆ ಕೆಲಸದೋರು, ತರಕಾರಿ ಅಂಗಡಿಯವನು, ಒಟ್ಟು ಆರು ಸಾವಿರ ಜನ ವಾಸಿಯಾದ್ರು. ಊರಲ್ಲಿ ಹೃದ್ರೋಗ ಹುಡುಕಿದ್ರೂ ಸಿಗದ ಹಾಗಾಯ್ತು. ನಿರ್ದೇಶಕರು ಮಹಾನಿರ್ದೇಶಕರಾದ್ರು.

ಎಲ್ಲಾ ಸರಿ, ನನ್ನ ಎದೆನೋವು? ಅದು ಹೆಚ್ಚಾಗ್ತಾನೇ ಹೋಯ್ತು. ರಾತ್ರಿ ಮಲಗಿದ್ರೆ ಬೆಳಗ್ಗೆ ಏಳ್ತೀನೋ ಇಲ್ವೋ ಅನ್ನೋ ಹಾಗಾಯ್ತು. ಒಂದು ಮಾತ್ರೆ ಕೊಡಿ ಸಾರ್ ಅಂತ ಕೈಮುಗಿದೆ.

"ಕೊಡಬಹುದಿತ್ತು ಕಣಯ್ಯಾ. ಆದ್ರೆ ಮಾತ್ರೆ ತಗೊಂಡ್ರೆ ನಿನ್ನ ಗೆರೆ ಮೇಲೆ ಬರುತ್ತೆ. ಅದು ಮೇಲೆ ಬಂದ ತಕ್ಷಣ ಗುಣವಾದ ಆರು ಸಾವಿರ ಜನ ಮತ್ತೆ ರೋಗಿಗಳಾಗ್ತಾರೆ. ಹೆಂಡ್ತಿ ಮಕ್ಕಳಿರೋರು ಅವರು. ಮನಸ್ಸಾದ್ರೂ ಹೇಗೆ ಬರುತ್ತೆ ನಿಂಗೆ?"

ನಿಜ ಹೇಳ್ತೀನಿ, ನನಗೇ ನಾಚಿಕೆ ಆಯ್ತು.

ನಮ್ಮನೆಯವಳಿಗೆ ಆಗಲಿಲ್ಲ. ಮಾರನೇ ದಿನ ಆದೇಶದ ಪ್ರತಿ ಕೈಯಲ್ಲಿ ಹಿಡ್ಕೊಂಡು ನೇರ ಮಹಾನಿರ್ದೇಶಕರ ಕೋಣೆಗೆ ನುಗ್ಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನಿಂತಿದ್ದೆ ಅಂದ್ರೆ, ಇಬ್ಬರು ಹಿಡ್ಕೊಂಡಿದ್ರು.

"ಸಾರ್, ಮೂರು ದಿನದ ನೋಟಿಸ್ ಕೊಡೋಕೆ ಪುರುಸೊತ್ತಿಲ್ಲ, ಜಗಳಕ್ಕೇ ಬಂದಿದೀನಿ. ಇದರಲ್ಲಿ ಏನಿದೆ, ಓದಿ."

"ಮಾದರಿ ಹೃದಯ ಅಂತಿದೆ."

"ಮಾದರಿ ಗಂಡ ಅಂತೇನಾದ್ರೂ ಇದೆಯಾ?"

"ಅದು... ಹಾಗೇನಿಲ್ಲ."

"ಇರೋಕೆ ಸಾಧ್ಯಾನೂ ಇಲ್ಲ, ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಅಂದಮೇಲೆ ಹೃದಯ ಮಾತ್ರ ನಿಮ್ಮದು, ಮಿಕ್ಕಿದ್ದು ನಂದು. ಬೇರೆ ಮಾಡಿ ಕೊಡಿ, ಮನೆಗೆ ಕರ್ಕೊಂಡು ಹೋಗ್ತೀನಿ."

ನಿಯಮಾವಳಿ ತರಿಸಿದ್ರು. ನಾಲ್ಕು ಜನ ತಿರುವಿ ಹಾಕಿದ್ರು. ಅವಳು ಹೇಳಿದ್ರಲ್ಲಿ ತಪ್ಪೇ ಇರ್ಲಿಲ್ಲ! ಸಮಿತಿ ಕೂತು, ಹೃದಯವನ್ನು ಕಚೇರಿಯಲ್ಲೇ ಉಳಿಸಿಕೊಂಡು ಉಳಿದ ಅಟೆಂಡರನ್ನು ಕರ್ತವ್ಯದಿಂದ ಬಿಡುಗಡೆಗೊಳಿಸತಕ್ಕದ್ದು ಅಂತ ತೀರ್ಮಾನ ಮಾಡ್ತು. ಸೋಮವಾರ ಆಪರೇಷನ್ ಆಯ್ತು. ಹೃದಯಾನ ತೆಗೆದು ಗಾಜಿನ ಜಾಡಿಗೆ ಹಾಕಿ, ಮುಚ್ಚಳಕ್ಕೆ ಅರಗು ಹಚ್ಚಿದ್ರು. ಇನ್ಸ್‌ಪೆಕ್ಟರು ಬಂದು ಮುದ್ರೆ ಒತ್ತಿದ್ರು. ನಮ್ಮನೆಯವಳು ‘ಹೃದಯ ಹೊರತುಪಡಿಸಿ ಮಿಕ್ಕಿದ್ದೆಲ್ಲ ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಅಂತ ಸಹಿ ಹಾಕಿ ನನ್ನನ್ನ ಕರ್ಕೊಂಡು ಬಂದಳು. ಅವತ್ತಿಂದ ಎದೆನೋವು ಅನ್ನೋದೇ ಇಲ್ಲ. ಜಾಡಿ ಈಗಲೂ ಅಲ್ಲೇ ಬೀರುವಿನಲ್ಲಿದೆ. ವರ್ಷಕ್ಕೊಂದು ಸಲ ತಪಾಸಣೆ ಮಾಡ್ತಾರೆ, ಇವತ್ತಿನವರೆಗೂ ಯಾರೂ ತಕರಾರು ತೆಗೆದಿಲ್ಲ.

"ಅಜ್ಜಾ."

ಹೇಳಿ ತಾಯಿ.

"ಹೃದಯ ಬೀರುವಿನಲ್ಲಿದೆ ಅಂದ್ರಿ."

ಎರಡನೇ ಖಾನೆ. ಎಡಗಡೆ.

"ಹಾಗಾದ್ರೆ ಹತ್ತು ನಿಮಿಷದಿಂದ ನನ್ನ ಕಿವಿಗೆ ಡಬ್ ಡಬ್ ಅಂತ ಹೊಡೀತಿರೋದು ಏನು?"

ಅದಾ? ಅದು ದೃಢೀಕರಿಸಿದ ನಕಲು, ಸಿಸ್ಟರಮ್ಮಾ.