ಗೋಲ್ಡ್ ಮೂರು, ನನ್ನದೇ

ನನ್ನನ್ನು ಬಲ್ಲವರೆಲ್ಲ ನನ್ನ ಬಗ್ಗೆ ಹೇಳುವ ಮಾತು ಒಂದೇ: ಹುಡುಗಿ ಪಾಪ, ತನ್ನ ಪಾಡಿಗೆ ತಾನಿರುತ್ತಾಳೆ. ಅದು ನಿಜ. ಆದರೆ ತನ್ನ ಪಾಡಿಗೆ ತಾನಿದ್ದು ಏನು ಮಾಡುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ಪುಸ್ತಕ ಓದುತ್ತಾಳೆ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಕನ್ನಡಕ ಹಾಕಿಕೊಂಡು ಮೆಲ್ಲಗೆ ಮಾತಾಡುವ ಹುಡುಗಿಯರ ಮೇಲೆ ಲೋಕ ಇಟ್ಟಿರುವ ಈ ನಂಬಿಕೆಯನ್ನು ಒಡೆಯಲು ಮನಸ್ಸಾಗದೆ ನಾನೂ ಸುಮ್ಮನಿದ್ದೆ. ಈಗ ಹೇಳಿಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಅನ್ನ ಸಾರು ಉಂಡು, ತಟ್ಟೆ ತೊಳೆದು ಬೋರಲು ಹಾಕಿದ ಮೇಲೆ, ನಾನು ಕಂಪ್ಯೂಟರಿನ ಮುಂದೆ ಕೂತು ಬಂದೂಕಿನಿಂದ ಜನರನ್ನು ಹೊಡೆಯುತ್ತೇನೆ. ಈ ಕಡೆ ಐದು ಜನ, ಆ ಕಡೆ ಐದು ಜನ. ಎಲ್ಲರೂ ಅವರವರ ಮನೆಗಳಲ್ಲಿ ಕೂತು ಇಂಟರ್ನೆಟ್ಟಿನ ಮೂಲಕ ಆಡುತ್ತಿರುವ ನಿಜವಾದ ಮನುಷ್ಯರು. ಇದರಲ್ಲಿ ನನಗೆ ನಾಚಿಕೆಯಿಲ್ಲ. ಕೆಟ್ಟದಾಗಿ ಆಡುತ್ತಿದ್ದರೆ ನಾಚಿಕೆಪಡಬಹುದಿತ್ತು. ನಾನು ಚೆನ್ನಾಗಿ ಆಡುತ್ತೇನೆ.

ಇದು ಸ್ವಂತ ಹೊಗಳಿಕೆಯಲ್ಲ. ಸ್ವಂತ ಹೊಗಳಿಕೆ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ನಾನು ಎಂ.ಎಸ್ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಾಗ ನಮ್ಮಮ್ಮ ನೆಂಟರಿಗೆ ಫೋನು ಮಾಡಿ "ಪಾಸಾಯ್ತಂತೆ" ಎಂದಷ್ಟೇ ಹೇಳಿದ್ದರು. ನಾನು ಚೆನ್ನಾಗಿ ಆಡುತ್ತೇನೆ ಎಂದದ್ದು ಆ ಆಟವೇ. ಅದು ಆಡುವವರಿಗೆಲ್ಲ ರ‍್ಯಾಂಕ್ ಕೊಡುತ್ತದೆ. ಕೊಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಬೇಡ ಎನ್ನುವವರು ದಾಟಿಕೊಂಡು ಹೋಗಬಹುದು, ಆದರೆ ಮುಂದೆ ನನ್ನ ಸಿಟ್ಟು ಅರ್ಥವಾಗಲಿಲ್ಲ ಎನ್ನಬಾರದು. ಹೊಸಬರು ಬಂದರೆ ಅದು ಮೊದಲ ಹತ್ತು ಪಂದ್ಯಗಳನ್ನು ಬಾಯಿ ಬಿಡದೆ ನೋಡುತ್ತದೆ, ಹೆಣ್ಣು ನೋಡಲು ಬಂದ ಹಿರಿಯರ ಹಾಗೆ. ಹಾಡು ಹೇಳು ಎನ್ನುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಹತ್ತು ಮುಗಿದ ಮೇಲೆ ಒಂದು ಬಿಲ್ಲೆ ಕೊಡುತ್ತದೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್. ಒಂದೊಂದರಲ್ಲೂ ಮೂರು ಮೆಟ್ಟಿಲು; ಒಂದು ಕೆಳಗಿನದು, ಮೂರು ಮೇಲಿನದು. ಅಲ್ಲಿಂದ ಮುಂದೆ ಗೆದ್ದರೆ ಏರುತ್ತೀರಿ, ಸೋತರೆ ಇಳಿಯುತ್ತೀರಿ. ಎಷ್ಟು ಏರುತ್ತೀರಿ ಎಂಬುದು ಯಾರನ್ನು ಗೆದ್ದಿರಿ ಎಂಬುದರ ಮೇಲಿದೆ. ನಿಮಗಿಂತ ಬಲಶಾಲಿಗಳನ್ನು ಗೆದ್ದರೆ ಹೆಚ್ಚು, ಅಮಾಯಕರನ್ನು ಗೆದ್ದರೆ ಅತ್ಯಲ್ಪ. ನೀವೊಬ್ಬರೇ ಎಷ್ಟು ಜನರನ್ನು ಹೊಡೆದಿರಿ ಎಂದು ಅದು ಕೇಳುವುದಿಲ್ಲ. ನಿಮ್ಮ ಐವರು ಗೆದ್ದಿರಾ, ಅಷ್ಟೇ. ಇಷ್ಟೂ ಸಾಲದು ಎಂಬಂತೆ, ಪ್ರತಿ ಸಲವೂ ಸರಿಸುಮಾರು ನಿಮ್ಮಷ್ಟೇ ಬಲದ ಎದುರಾಳಿಗಳನ್ನೇ ಹುಡುಕಿ ತಂದು ನಿಲ್ಲಿಸುತ್ತದೆ. ನೀವು ಸುಧಾರಿಸಿದರೆ ಅವರೂ ಸುಧಾರಿಸಿದವರೇ ಬರುತ್ತಾರೆ. ನೆಮ್ಮದಿ ಎಂಬುದು ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ. ಆದರೆ ನ್ಯಾಯವಿದೆ. ನಾನು ಸಿಲ್ವರ್ ಒಂದರಿಂದ ಗೋಲ್ಡ್ ಮೂರಕ್ಕೆ ಏರಲು ಹದಿನಾಲ್ಕು ತಿಂಗಳು ಬೇಕಾಯಿತು.

ಅದರಲ್ಲಿ ಒಂದು ತಿಂಗಳನ್ನು ನನ್ನ ಮನೆಯ ಓನರ್ ಪುಟ್ಟಗೌರಮ್ಮನವರ ಲೆಕ್ಕಕ್ಕೆ ಹಾಕಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ, ಮಹಡಿಯಲ್ಲಿ ನಾನು. ಇಂಟರ್ನೆಟ್ಟಿನ ಡಬ್ಬಿ ಮಾತ್ರ ಕೆಳಗೆ, ಅವರ ಟೀವಿಯ ಪಕ್ಕದಲ್ಲಿ. ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಪುಟ್ಟಗೌರಮ್ಮ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಬಿಡುತ್ತಾರೆ. ಆಟದ ಮಧ್ಯೆ ನಾನು ನಿಂತಲ್ಲೇ ಕಲ್ಲಾಗುತ್ತೇನೆ. ಈ ಆಟದಲ್ಲಿ ಅರ್ಧಕ್ಕೆ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಒಂದು ದಿನ ಹೊರಗೆ, ಮೂರನೆಯ ಸಲ ವಾರ. ಆ ಮುಂಗಾರಿನಲ್ಲಿ ನಾನು ಆಡಿದ್ದಕ್ಕಿಂತ ಬಹಿಷ್ಕಾರ ಅನುಭವಿಸಿದ್ದೇ ಹೆಚ್ಚು. ಕೊನೆಗೊಂದು ಭಾನುವಾರ ಧೈರ್ಯ ಮಾಡಿ ಕೆಳಗಿಳಿದು ಹೋದೆ.

"ಆಂಟಿ, ಆ ಹಸಿರು ಲೈಟಿನ ಡಬ್ಬಿ ಮಾತ್ರ ಕೀಳ್ಬೇಡಿ. ಆಟದ ಮಧ್ಯದಲ್ಲಿದ್ದೆ."

"ಗುಡುಗ್ತಾ ಅದೆ ಕಣವ್ವ. ಟೀವಿ ಸುಟ್ಟೋದ್ರೆ ನಿನ್ನಾಟ ಬಂದು ಕೊಡಿಸ್ತದಾ? ಅಲ್ಲ, ಅದೇನಾಟ? 'ಹಿಂದೆ ಬಂದ, ಹೊಡಿ ಹೊಡಿ' ಅಂತ ಕಿರುಚ್ತಿದ್ದೆ. ನಾನು ಹಲ್ಲಿ ಅನ್ಕಂಡೆ."

ನಾನು ವಿವರಿಸಿದೆ. ಕಂಪ್ಯೂಟರ್ ಎಂದಾಗ ಅವರು ಆಕಳಿಸಿದರು. ರ‍್ಯಾಂಕ್ ಎಂದಾಗ ನೆಟ್ಟಗೆ ಕೂತರು.

"ದೊಡ್ಡೋನ್ನ ಕೆಡವಿದ್ರೆ ಜಾಸ್ತಿ ಕೊಡ್ತಾರಾ?"

"ಹೌದು."

"ನಿನಗಿಂತ ಸಣ್ಣೋನ ಕೈಲಿ ಬಿದ್ರೆ?"

"ಜಾಸ್ತಿ ಕಿತ್ಕೊಳ್ತಾರೆ."

"ಸರಿಯಾಗೇ ಅದೆ ಬಿಡು. ನಮ್ಮಪ್ಪ ಕುಸ್ತಿ ಆಡೋನು. ಅಲ್ಲೂ ಇಂಗೇ. ಚೋಟುದ್ದದ ಹುಡುಗನ ಕೈಲಿ ಬಿದ್ದ ಪೈಲ್ವಾನ ಆಮ್ಯಾಕೆ ಊರಾಗೆ ಮೀಸೆ ತಿರುವೋ ಅಂಗಿಲ್ಲ."

ನಮ್ಮ ಕಚೇರಿಯಲ್ಲಿ ಪದವಿ ಪಡೆದವರಿಗೆ ಅರ್ಧ ಗಂಟೆ ಹೇಳಿದರೂ ಹತ್ತಲಾರದ ತತ್ತ್ವ ಅವರಿಗೆ ಎರಡು ಪ್ರಶ್ನೆಯಲ್ಲಿ ಹತ್ತಿತು. ಅಂದಿನಿಂದ ಗುಡುಗಿದರೆ ಮೊದಲು ಮೆಟ್ಟಿಲ ಬುಡದಲ್ಲಿ ನಿಂತು "ಏ ತಾಯಿ, ಸಾಯ್ಸಿದ್ದಾಯ್ತಾ?" ಎಂದು ಕೂಗುತ್ತಾರೆ. ನಾನು "ಇನ್ನೈದು ನಿಮಿಷ ಆಂಟಿ" ಎನ್ನುತ್ತೇನೆ. ಬೀದಿಯವರು ಏನೆಂದುಕೊಂಡಿದ್ದಾರೋ ಗೊತ್ತಿಲ್ಲ.

ಕಿರುಚುವುದು ಕೋಣೆಯೊಳಗೆ ಮಾತ್ರ. ಮೈಕು ಯಾವಾಗಲೂ ಬಂದ್. ಹೆಣ್ಣುದನಿ ಕೇಳಿದರೆ ಕೆಲವರು ಆಟ ಬಿಟ್ಟು ಊರು ಯಾವುದು, ಊಟ ಆಯಿತಾ ಎಂದು ಶುರುಮಾಡುತ್ತಾರೆ. ಆಟದಲ್ಲಿ ನನ್ನ ಹೆಸರು 'ಮೊಸರನ್ನ'. ಆ ಹೆಸರಿನಿಂದ ಯಾರೂ ಏನನ್ನೂ ಊಹಿಸಲಾರರು. "ಮಗಾ ಮೊಸರನ್ನ, ಸಕ್ಕತ್ತಾಗಿ ಹೊಡ್ದೆ ಕಣೋ" ಎಂದು ಅಪರಿಚಿತರು ಹೇಳಿದಾಗ ನಾನು 'ಥ್ಯಾಂಕ್ಸ್' ಎಂದು ಟೈಪ್ ಮಾಡಿ ಒಳಗೊಳಗೇ ಹಿಗ್ಗುತ್ತೇನೆ.

ಇಷ್ಟೇ ಹಿಗ್ಗನ್ನು ಕಚೇರಿ ಕೊಟ್ಟಿದ್ದರೆ ನಾನು ಬಂದೂಕು ಹಿಡಿಯುತ್ತಿರಲಿಲ್ಲವೇನೋ. ಅಲ್ಲಿ ನನ್ನದು ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ವರ್ಷಕ್ಕೊಮ್ಮೆ ನಮಗೂ ಒಂದರಿಂದ ಐದರೊಳಗೆ ಅಂಕ. ಆದರೆ ತಂಡದಲ್ಲಿ ಇಷ್ಟೇ ಜನಕ್ಕೆ ಐದು, ಇಷ್ಟು ಜನಕ್ಕೆ ಮೂರು, ಯಾರಾದರೊಬ್ಬರಿಗೆ ಒಂದು ಬಿದ್ದೇ ತೀರಬೇಕು ಎಂದು ಮೊದಲೇ ಗೆರೆ ಎಳೆದಿಟ್ಟಿರುತ್ತಾರೆ. ಅದಕ್ಕೆ ಬೆಲ್ ಕರ್ವ್ ಎಂದು ಹೆಸರು. ಆ ವರ್ಷ ನಮ್ಮ ಮ್ಯಾನೇಜರು ನನ್ನನ್ನು ಗಾಜಿನ ಕೋಣೆಗೆ ಕರೆದು, "ನಿಮ್ ಕೆಲ್ಸ ಸೂಪರ್. ಬಟ್ ಈ ಸಲ ಮೂರು. ಬೆಲ್ ಕರ್ವ್ ಅಲ್ವಾ, ನನ್ ಕೈಲೇನಿಲ್ಲ. ನೀವು ಸ್ವಲ್ಪ ವಿಸಿಬಿಲಿಟಿ ಜಾಸ್ತಿ ಮಾಡ್ಕೋಬೇಕು" ಎಂದರು. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಓಡಾಡಬೇಕು ಎಂದು ಅರ್ಥ. ನಾನಾಡುವ ಆಟದಲ್ಲಿ ಎಲ್ಲರ ಕಣ್ಣಿಗೆ ಬೀಳುವವನು ಮೊದಲು ಸಾಯುತ್ತಾನೆ. ಇದನ್ನು ಅವರಿಗೆ ಹೇಳಲಿಲ್ಲ. "ಸರಿ ಸಾರ್" ಎಂದು ಎದ್ದು ಬಂದೆ.

ಅದಾಗಿ ತಿಂಗಳೊಳಗೆ ನಮ್ಮ ಕ್ಯಾಂಪಸ್ಸಿನ ಕಂಪನಿಗಳ ನಡುವೆ ಇದೇ ಆಟದ ಪಂದ್ಯಾವಳಿ ಎಂದು ಮೇಲ್ ಬಂತು. ಕಂಪನಿಗೆ ಒಂದು ತಂಡ, ತಂಡಕ್ಕೆ ಐದು ಜಾಗ. ತಂಡ ಕಟ್ಟುವ ಹೊಣೆ ಹೊತ್ತವನು ಪಕ್ಕದ ಪ್ರಾಜೆಕ್ಟಿನ ಲೀಡ್ ನವೀನ. ನಮ್ಮವರು ಹುಟ್ಟುಹಬ್ಬದ ಕೇಕು ತರುವುದಿದ್ದರೂ ಎಕ್ಸೆಲ್ ಹಾಳೆ ತೆರೆಯುವವರು. ನವೀನ ಒಂದು ಹಾಳೆ ತೆರೆದು, ಆಸಕ್ತರು ಹೆಸರು ಮತ್ತು ರ‍್ಯಾಂಕ್ ತುಂಬಿ ಎಂದ. ಆರು ಜನ ತುಂಬಿದರು. ಮೊದಲ ಸಾಲಿನಲ್ಲಿ ನವೀನ: ಡೈಮಂಡ್ ಒಂದು. ಕೊನೆಯ ಸಾಲಿನಲ್ಲಿ ನಾನು. ಐದು ನಿಮಿಷದಲ್ಲಿ ನವೀನ ನನ್ನ ಟೇಬಲ್ಲಿನ ಹತ್ತಿರ ಬಂದ.

"ಮೇಡಂ, ಗೋಲ್ಡ್ ಮೂರು ಅಂತಿದೆಯಲ್ಲ, ಟೈಪ್ ಮಾಡೋವಾಗ ತಪ್ಪಾಯ್ತಾ?"

"ಇಲ್ಲ."

"ಓ. ನಿಮ್ ತಮ್ಮ ಆಡ್ತಾನಾ?"

"ನನಗೆ ತಮ್ಮ ಇಲ್ಲ. ಅಕ್ಕ ಇದ್ದಾಳೆ. ಅವಳಿಗೆ ಕೇರಂ ಕೂಡ ಬರಲ್ಲ."

"ಹಂಗಲ್ಲ, ಫ್ರೆಂಡ್ಸ್ ಯಾರೋ ಪುಶ್ ಮಾಡ್ಕೊಟ್ಟಿರ್ತಾರೆ. ಎಲ್ರೂ ಮಾಡ್ತಾರೆ, ತಪ್ಪೇನಿಲ್ಲ ಬಿಡಿ."

ಪುಶ್ ಮಾಡುವುದು ಎಂದರೆ ತನಗಿಂತ ಚೆನ್ನಾಗಿ ಆಡುವವರಿಗೆ ಪಾಸ್‌ವರ್ಡ್ ಕೊಟ್ಟು, ತನ್ನ ಹೆಸರಿನಲ್ಲಿ ಅವರಿಂದ ಆಡಿಸಿ ರ‍್ಯಾಂಕ್ ಏರಿಸಿಕೊಳ್ಳುವುದು. ಅವನು ಸಂಶಯಪಟ್ಟಿದ್ದರೆ ಸಹಿಸುತ್ತಿದ್ದೆ. ನಾನು ಮಾಡದ ತಪ್ಪನ್ನು ಅವನು ಅಷ್ಟು ಉದಾರವಾಗಿ ಕ್ಷಮಿಸಿದ್ದನ್ನು ಸಹಿಸಲಾಗಲಿಲ್ಲ.

"ನಾನೇ ಆಡಿದ್ದು" ಎಂದೆ.

"ಸರಿ ಮೇಡಂ, ಬೇಜಾರ್ ಮಾಡ್ಕೋಬೇಡಿ, ಟೀಮ್ ಕ್ವಾಲಿಟಿ ಪ್ರಶ್ನೆ. ಹೊಸ ಅಕೌಂಟ್ ಮಾಡಿ ನಮ್ಮೆದುರಿಗೆ ಹತ್ತು ಮ್ಯಾಚ್ ಆಡಿಬಿಡಿ. ಏನ್ ರ‍್ಯಾಂಕ್ ಬರುತ್ತೋ ನೋಡೋಣ."

ಇಂಥ ಕಡೆ 'ಇರಲಿ ಬಿಡಿ' ಎನ್ನುವುದು ನನ್ನ ಹುಟ್ಟುಗುಣ. ಬಸ್ಸಿನಲ್ಲಿ ಕಿಟಕಿ ಸೀಟು, ಕ್ಯಾಂಟೀನಿನಲ್ಲಿ ಕೊನೆಯ ವಡೆ, ಅಪ್ರೈಸಲ್ಲಿನ ಐದು, ಎಲ್ಲವನ್ನೂ 'ಇರಲಿ ಬಿಡಿ' ಎಂದು ಬಿಟ್ಟುಕೊಟ್ಟವಳು ನಾನು. ಆದರೆ ಗೋಲ್ಡ್ ಮೂರು ಯಾರೋ ಕೊಟ್ಟದ್ದಲ್ಲ. ಅದನ್ನು ಬಿಟ್ಟುಕೊಟ್ಟರೆ ನನ್ನದು ಎಂದು ಹೇಳಿಕೊಳ್ಳಲು ಆ ಕಟ್ಟಡದಲ್ಲಿ ನೀರಿನ ಬಾಟಲಿಯೊಂದೇ ಉಳಿಯುತ್ತಿತ್ತು.

"ಆಡ್ತೀನಿ. ಆರೂ ಜನ ಆಡೋಣ."

"ಎಲ್ರೂ ಯಾಕೆ ಮೇಡಂ?"

"ಕ್ವಾಲಿಟಿ ಪ್ರಶ್ನೆ ಅಂದ್ರಲ್ಲ."

ಪಕ್ಕದ ಸೀಟಿನ ಇಮ್ರಾನ್, ಅವನೂ ಆರರಲ್ಲಿ ಒಬ್ಬ, ಚಹಾದ ಕಪ್ಪಿನೊಳಗೇ ನಕ್ಕು, ನವೀನನಿಗೆ "ಸಿಕ್ಕಾಕ್ಕೊಂಡೆ ಮಗಾ" ಎಂದ.

ಹೊಸ ಅಕೌಂಟುಗಳಾದವು. ಎರಡು ಶನಿವಾರ ಕಚೇರಿಯ ಮನರಂಜನಾ ಕೋಣೆಯಲ್ಲಿ ಆರು ಕಂಪ್ಯೂಟರುಗಳು. ಒಬ್ಬೊಬ್ಬರೂ ಬೇರೆ ಬೇರೆ, ಅಪರಿಚಿತರ ಜೊತೆ ಸೇರಿ ಆಡಬೇಕು. ಐವರು ಆಡುವಾಗ ಅವರ ಹಿಂದೆ ಯಾರೂ ಇರಲಿಲ್ಲ. ನಾನು ಕೂತಾಗ ಮಾತ್ರ ಐವರೂ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. "ಮೌಸ್ ಯಾಕಿಷ್ಟು ನಿಧಾನ?" "ಗೋಡೆ ಪಕ್ಕ ಬಗ್ಗಿಕೊಂಡೇ ಹೋಗ್ತಾರಲ್ಲೋ." ನೀರು ಕುಡಿಯಬಹುದಾ ಎಂದು ಕೇಳಿಬಿಟ್ಟೆ, ಕೇಳಿದ ಮೇಲೆ, ಪರೀಕ್ಷೆಯ ಹಾಲಿನಲ್ಲಿ ಕೂತವಳ ಹಾಗೆ ಅಪ್ಪಣೆ ಬೇಡಿದೆನಲ್ಲ ಎಂದು ನನ್ನ ಮೇಲೇ ಕೋಪ ಬಂತು. ಮೊದಲ ಪಂದ್ಯ ಸೋತೆ. ಎರಡನೆಯದನ್ನೂ ಸೋತೆ. ನವೀನ ಬಹಳ ಮೃದುವಾಗಿ, "ಪರ್ವಾಗಿಲ್ಲ ಮೇಡಂ, ಬೇಕಾದ್ರೆ ಇಲ್ಲಿಗೆ ನಿಲ್ಸೋಣ" ಎಂದ.

ಅವನ ದನಿ ಕೇಳದ ಹಾಗೆ ಹೆಡ್‌ಫೋನನ್ನು ಎರಡೂ ಕಿವಿಗೆ ಒತ್ತಿಕೊಂಡೆ. ಮೂರನೆಯ ಪಂದ್ಯದ ಕೊನೆಯ ಸುತ್ತಿನಲ್ಲಿ ನಮ್ಮವರು ನಾಲ್ವರೂ ಸತ್ತು ನಾನೊಬ್ಬಳೇ ಉಳಿದೆ; ಎದುರಿಗೆ ಮೂವರು. ಒಂದು ಮುರಿದ ಗೋಡೆಯ ಹಿಂದೆ ಹೋಗಿ ಕೂತೆ. ಏನೂ ಮಾಡಲಿಲ್ಲ. ಹಿಂದಿನವರು ಚಡಪಡಿಸಿ ಕುರ್ಚಿ ಅಲುಗಾಡಿಸಿದರೂ ಏನೂ ಮಾಡಲಿಲ್ಲ. ಯಾರ ಕಣ್ಣಿಗೂ ಬೀಳದೆ ಸುಮ್ಮನಿರುವುದು ನನಗೆ ಬಾಲ್ಯದಿಂದ ಅಭ್ಯಾಸ. ಆ ಮೂವರಿಗೆ ತಾಳ್ಮೆ ಕೆಟ್ಟಿತು. ಒಬ್ಬ ಬಂದ, ಬಿದ್ದ. ಅವನನ್ನು ನೋಡಲು ಇನ್ನೊಬ್ಬ ಬಂದ. ಮೂರನೆಯವನು ಓಡಿದ, ಅವನು ತಲುಪಲಿಲ್ಲ.

"ಅಯ್ಯಯ್ಯೋ, ಇವ್ಳಾ!" ಎಂದು ಕೂಗಿದ ಇಮ್ರಾನ್ ನಾಲಿಗೆ ಕಚ್ಚಿಕೊಂಡು, "ಇವ್ರಾ, ಸಾರಿ, ಇವ್ರಾ!" ಎಂದು ತಿದ್ದಿಕೊಂಡ.

ಹತ್ತರಲ್ಲಿ ಏಳು ಗೆದ್ದೆ. ಆಟ ನನಗೆ ಗೋಲ್ಡ್ ಒಂದು ಕೊಟ್ಟಿತು. ಆರು ಜನರಲ್ಲಿ ಗೋಲ್ಡ್ ಬಂದದ್ದು ನನಗೊಬ್ಬಳಿಗೇ. ಎಲ್ಲರಿಗಿಂತ ಕೆಳಗೆ, ಸಿಲ್ವರ್ ಒಂದರಲ್ಲಿ, ನವೀನ. ಅವನು ಮೌಸ್ ತಿರುವಿ ನೋಡಿದ, ಸರ್ವರ್ ಸರಿಯಿಲ್ಲ ಎಂದ, ತನ್ನ ಜೊತೆಗೆ ಸಿಕ್ಕವರೆಲ್ಲ ದಂಡಪಿಂಡಗಳು ಎಂದ. ಕೊನೆಗೆ, "ಮಧ್ಯದಲ್ಲಿ ಸ್ವಲ್ಪ ದಿನ ನನ್ ಕಸಿನ್ ಆಡ್ಕೊಟ್ಟಿದ್ದ" ಎಂದ.

"ಎಲ್ರೂ ಮಾಡ್ತಾರೆ, ತಪ್ಪೇನಿಲ್ಲ ಬಿಡಿ" ಎಂದೆ ನಾನು. ನನ್ನ ಇಪ್ಪತ್ತಾರು ವರ್ಷದ ಬದುಕಿನಲ್ಲಿ ಸರಿಯಾದ ಮಾತು ಸರಿಯಾದ ಹೊತ್ತಿಗೆ ಬಾಯಿಗೆ ಬಂದದ್ದು ಅದೇ ಮೊದಲು. ಸಾಮಾನ್ಯವಾಗಿ ಅದು ಮರುದಿನ ಹಲ್ಲುಜ್ಜುವಾಗ ಬರುತ್ತದೆ.

ನವೀನ ಕೆಟ್ಟವನಲ್ಲ. ಹಾಳೆಯಲ್ಲಿ ತನ್ನ ಕೈಯಾರೆ ನನ್ನ ಹೆಸರನ್ನು ಮೇಲಿಟ್ಟು, ತನ್ನ ಹೆಸರನ್ನು ಕೆಳಗಿಳಿಸಿ ಪಕ್ಕದಲ್ಲಿ 'ಎಕ್ಸ್‌ಟ್ರಾ' ಎಂದು ಬರೆದುಕೊಂಡ. ಪಂದ್ಯಾವಳಿಯ ದಿನ ನಾನು ಮೊದಲ ಸಲ ಮೈಕು ತೆರೆದು "ಬಲಗಡೆ ಇಬ್ಬರು, ತಡೀರಿ, ಈಗಲೇ ಹೋಗ್ಬೇಡಿ" ಎಂದೆ. ನಾಲ್ವರು ಗಂಡಸರು ತಡೆದು ನಿಂತರು. ಎರಡನೆಯ ಸುತ್ತಿನಲ್ಲಿ ಸೋತೆವು. ಅದು ನನಗೆ ಬೇಸರವೆನಿಸಲಿಲ್ಲ. ಎದುರು ತಂಡ ನಮಗಿಂತ ಚೆನ್ನಾಗಿತ್ತು, ಸೋತೆವು. ನ್ಯಾಯ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಮನಿಸಿದಿರಾ? ಗೋಲ್ಡ್ ಒಂದು. ಮೂರಲ್ಲ. ಯಾರೂ ಅದನ್ನು ಎತ್ತಿ ಆಡಲಿಲ್ಲ. "ಗೋಲ್ಡ್ ಅಂದ್ರೆ ಗೋಲ್ಡ್ ಮೇಡಂ" ಎಂದ ನವೀನ. ನಾನು ಬಿಡಲಿಲ್ಲ. ಹೊಸ ಅಕೌಂಟಿನ ಮೇಲೆ ಆಟಕ್ಕೆ ಪೂರ್ತಿ ನಂಬಿಕೆ ಬಂದಿರುವುದಿಲ್ಲ, ಒಂದೆರಡು ಮೆಟ್ಟಿಲು ಕಡಿಮೆಯೇ ಕೊಡುತ್ತದೆ ಎಂದು ಊಟದ ಟೇಬಲ್ಲಿನಲ್ಲಿ ವಿವರಿಸಿದೆ. ಆ ಕುರ್ಚಿ ತಗ್ಗು, ಆ ಮೌಸು ಜಾರುತ್ತಿತ್ತು, ಕತ್ತಿನ ಮೇಲೆ ಐದು ಜನರ ಉಸಿರು ಎಂದೆ. ಎಲ್ಲವೂ ನಿಜ. ಇಮ್ರಾನ್ ಚಪಾತಿ ಮುರಿಯುತ್ತ ಕೇಳಿಸಿಕೊಂಡು, "ಮೇಡಂ, ನಾವೆಲ್ಲ ಒಪ್ಕೊಂಡಾಯ್ತು. ನೀವ್ ಯಾರ ಜೊತೆ ವಾದ ಮಾಡ್ತಿದೀರ?" ಎಂದ.

ಉತ್ತರ ನನಗೆ ಗೊತ್ತಿತ್ತು. ಹದಿನಾಲ್ಕು ತಿಂಗಳು ಬೆಳೆಸಿದ 'ಮೊಸರನ್ನ' ಈಗ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ನಾನು ಆಡುತ್ತಿರುವುದು ಆ ಹೊಸ ಅಕೌಂಟಿನಲ್ಲಿ. ಅದು ಮೂರಕ್ಕೆ ಬರುವ ತನಕ ಬಿಡುವುದಿಲ್ಲ. ಯಾರೂ ಕೇಳಿಲ್ಲ, ಯಾರೂ ಹಿಂದೆ ನಿಂತು ನೋಡುತ್ತಿಲ್ಲ, ನವೀನನಿಗೆ ಎರಡು ಶನಿವಾರದ ಪುರಾವೆ ಸಾಕಾಯಿತು. ಅದೆಲ್ಲ ನಿಜವಾಗಿ ನಾನೇ ಗಳಿಸಿದ್ದಾ ಎಂದು ಇನ್ನೂ ಕೇಳುತ್ತಿರುವವಳು ನನ್ನೊಳಗಿನ ಒಬ್ಬಳೇ. ಅವಳಿಗೆ ನವೀನನಷ್ಟು ದೊಡ್ಡ ಮನಸ್ಸಿಲ್ಲ. ಸದ್ಯಕ್ಕೆ ಗೋಲ್ಡ್ ಎರಡಕ್ಕೆ ಬಂದಿದ್ದೇನೆ. ಆದ್ದರಿಂದ ಬರುವ ಭಾನುವಾರ ಯಾರೂ ನನ್ನನ್ನು ನಾಮಕರಣಕ್ಕೋ ಗೃಹಪ್ರವೇಶಕ್ಕೋ ಕರೆಯಬೇಡಿ. ಕರೆದರೂ ಬರುವುದಿಲ್ಲ.