ಲೈಟಿನ ತಪ್ಪೋ, ರೈಟಿನ ತಪ್ಪೋ

ತಪ್ಪು ತಮ್ಮದಲ್ಲ, ಇಂಗ್ಲಿಷಿನದು ಎಂದು ಕಂಡಕ್ಟರು ಇವತ್ತಿಗೂ ವಾದಿಸುತ್ತಾರೆ. ಒಂದು ಟಿಕೆಟಿಗೆ ಒಬ್ಬ ಪ್ರಯಾಣಿಕ ಎನ್ನುವ ಹಾಗೆ ಒಂದು ಪದಕ್ಕೆ ಒಂದು ಅರ್ಥ ಇರಬೇಕು. ಒಂದೇ ಪದದೊಳಗೆ ನಾಲ್ಕಾರು ಅರ್ಥಗಳು ಹತ್ತಿ ಕೂತುಬಿಟ್ಟರೆ ಇಳಿಸುವವರು ಯಾರು ಎಂಬುದು ಅವರ ಪ್ರಶ್ನೆ. ಅವರ ಹೆಂಡತಿ ಈ ಪ್ರಶ್ನೆಗೆ ಬಾಯಿಂದ ಉತ್ತರ ಕೊಡುವುದಿಲ್ಲ. ನೀಲಿ ಗೋಡೆಯ ಕಡೆ ಒಮ್ಮೆ ನೋಡುತ್ತಾರೆ, ಗಂಡನ ಕಡೆ ಒಮ್ಮೆ ನೋಡುತ್ತಾರೆ. ವಾದ ಅಲ್ಲಿಗೆ ಕೊನೆಯ ಸ್ಟಾಪು ಮುಟ್ಟುತ್ತದೆ.

ನಡೆದದ್ದು ಇಷ್ಟು. ಕಂಡಕ್ಟರ ಹೆಂಡತಿ ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಕೆಲಸ ಮಾಡುವವರು. ಬೀದಿಯವರೆಲ್ಲ ಅವರನ್ನು ಪಾರ್ಸೆಲಮ್ಮ ಎಂದೇ ಕರೆಯುವುದು. ಅವರ ತಾಯಿಗೆ ವಯಸ್ಸಾಗಿ ಕಣ್ಣು ಮಂದವಾಗಿತ್ತು. ಮಗನ ಮನೆಯಲ್ಲಿದ್ದಾಗ ಒಮ್ಮೆ ಬಾಗಿಲು ಯಾವುದು, ಗೋಡೆ ಯಾವುದು ಎಂದು ತಿಳಿಯದೆ ಬಿದ್ದುಬಿಟ್ಟಿದ್ದರು. ಮೂಳೆಗೇನೂ ಆಗಲಿಲ್ಲ, ಆದರೆ ಧೈರ್ಯ ಮುರಿಯಿತು. ಅಂದಿನಿಂದ ಮಂಚ ಬಿಟ್ಟು ಏಳುತ್ತಲೇ ಇರಲಿಲ್ಲ. ‘ಅಮ್ಮನನ್ನ ಸ್ವಲ್ಪ ದಿನ ಇಲ್ಲಿಗೆ ಕರ್ಕೊಂಡು ಬರ್ತೀನಿ. ಮನೆ ಬೆಳ್ಳಗೆ ಬೆಳಕಾಗಿದ್ರೆ ಓಡಾಡ್ತಾಳೆ’ ಎಂದು ಪಾರ್ಸೆಲಮ್ಮ ತೀರ್ಮಾನಿಸಿದರು. ಹೊಗೆ ಹಿಡಿದ ಹಾಲಿಗೆ ಬಣ್ಣ ಹೊಡೆಸುವುದೆಂದಾಯಿತು. (ಹಾಲು ಎಂದರೆ ಕುಡಿಯುವುದಲ್ಲ, ಕೂರುವುದು. ಆದರೂ ಆಕೆ ಆರಿಸಿದ್ದು ಕೆನೆ ಬಣ್ಣ. ಹಾಲಿಗೆ ಕೆನೆ ಬರುವುದು ಸಹಜವೇ ಅಲ್ಲವೆ.) ಗೇಟಿಗೂ ಕಿಟಕಿಯ ಸರಳುಗಳಿಗೂ ಇರಲಿ ಎಂದು ಶಾಯಿಯಂಥ ಗಾಢ ನೀಲಿ ಬಣ್ಣವನ್ನೂ ತಂದಿಟ್ಟರು. ಅದೇ ಎಡವಟ್ಟಾಯಿತು.

ಬೆಳಿಗ್ಗೆ ಬೀಗದ ಕೈ ಕೊಡುವಾಗ ಪಾರ್ಸೆಲಮ್ಮ ಪೇಂಟರಿಗೆ ಹೇಳಿದ್ದು ಒಂದೇ ಮಾತು: ‘ಹಾಲಿಗೆ ಲೈಟ್. ಮರೀಬೇಡಿ.’ ಪೇಂಟರು ಮರೆಯುವವರಲ್ಲ, ಆದರೆ ಅನುಮಾನದ ಪ್ರಾಣಿ. ಮೂರು ಗೋಡೆಗೆ ಕೆನೆ ಬಳಿದಾದ ಮೇಲೆ ನಾಲ್ಕನೆಯದರ ಮುಂದೆ ನಿಂತು, ಈಗೀಗ ಎಲ್ಲರೂ ಒಂದು ಗೋಡೆಯನ್ನಾದರೂ ಗಾಢ ಮಾಡಿಸುತ್ತಾರಲ್ಲ, ಕೇಳಿಬಿಡೋಣ ಎಂದುಕೊಂಡರು. ಪಾರ್ಸೆಲಮ್ಮನ ಫೋನು ಸಿಗಲಿಲ್ಲ. ಯಜಮಾನರಿಗೆ ಹಚ್ಚಿದರು.

ಆ ಹೊತ್ತಿಗೆ ಯಜಮಾನರು ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತಿದ್ದರು. (ಇನ್ನೊಂದು ಕಾಲಿಗೆ ಜಾಗವಿರಲಿಲ್ಲ.) ಎದುರಿಗೊಬ್ಬನ ಚಿಲ್ಲರೆ ಜಗಳ, ಹಿಂದೊಂದು ಮಗುವಿನ ಅಳು, ಮೇಲೆ ಇಂಜಿನ್ನಿನ ಘರ್ಜನೆ. ಪೇಂಟರು ಹೇಳಿದ್ದರಲ್ಲಿ ‘ಬಣ್ಣ’ ಎಂಬ ಮಾತನ್ನು ಇಂಜಿನ್ನು ನುಂಗಿತು. ಕಂಡಕ್ಟರ ಕಿವಿಗೆ ಬಿದ್ದದ್ದು ಬಾಲ ಮಾತ್ರ.

‘... ಹಾಲಿಗೆ ಲೈಟ್ ಬೇಕಾ ಸಾರ್?’

ಕಂಡಕ್ಟರು ಮನೆಯಲ್ಲಿ ಮಿತವ್ಯಯದ ಮಹಾಮಂಡಲೇಶ್ವರರು. (ಇದಕ್ಕೆ ಪಾರ್ಸೆಲಮ್ಮ ಬಳಸುವ ಪದ ಇನ್ನೂ ಚಿಕ್ಕದು, ಮೂರೇ ಅಕ್ಷರ.) ಉರಿಯುವ ದೀಪ ಕಂಡರೆ ಅವರ ಹೊಟ್ಟೆ ಜೊತೆಗೇ ಉರಿಯುತ್ತದೆ.

‘ಮಟಮಟ ಮಧ್ಯಾಹ್ನ ಲೈಟ್ ಯಾಕ್ರೀ? ಬೇಡ.’

‘ಅಮ್ಮಾವ್ರು ಲೈಟ್ ಅಂತಾನೇ ಹೇಳಿದ್ರಲ್ಲ?’

‘ಅವಳು ಹಾಗೇ. ಯಾವಾಗ್ಲೂ ಲೈಟ್ ಇರ್ಬೇಕು ಅವಳಿಗೆ. ನಾನು ಹೇಳ್ತಿದೀನಲ್ಲ, ಬೇಡ.’

‘ಹಂಗಾದ್ರೆ ಆ ನೀಲಿ ಹೊಡೆದ್ಬಿಡ್ಲಾ? ಎಲ್ಲಾದಕ್ಕೂನಾ, ಒಂದು ಗೋಡೆಗೆ ಸಾಕಾ? ಯಾವ ಗೋಡೆ ಸಾರ್?’

ಈ ಪ್ರಶ್ನೆಯ ಒಂದಕ್ಷರವೂ ಕಂಡಕ್ಟರನ್ನು ಮುಟ್ಟಲಿಲ್ಲ. ಸ್ಟಾಪಿನಲ್ಲಿ ಇಳಿಯುವವರು ಇಳಿದಿದ್ದರು, ಹತ್ತುವವರು ನೇತಾಡುತ್ತಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡೇ ಅವರು ಡ್ರೈವರ ಕಡೆ ಕೂಗಿದರು.

‘ರೈಟ್, ರೈಟ್.’

‘ರೈಟಿನ ಗೋಡೆ. ಸರಿ ಸಾರ್’ ಎಂದರು ಪೇಂಟರು.

‘ಸರಿ ಸಾರ್’ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಇಡೀ ದಿನದ ಕರೆಂಟು ಉಳಿಸಿದೆ ಎಂಬ ಸಮಾಧಾನದಲ್ಲಿ ಕಂಡಕ್ಟರು ಚಿಲ್ಲರೆ ಜಗಳಕ್ಕೆ ಮರಳಿದರು.

ಸಂಜೆ ಅವರು ಮನೆಗೆ ಬಂದಾಗ ಪಾರ್ಸೆಲಮ್ಮ ಹಾಲಿನ ನಡುವೆ ಚೀಲವನ್ನೂ ಇಳಿಸದೆ ನಿಂತಿದ್ದರು. ಪೇಂಟರು ಮೂಲೆಯಲ್ಲಿ ಬ್ರಷ್ಷು ತೊಳೆಯುತ್ತ ನೆಲವನ್ನೇ ನೋಡುತ್ತಿದ್ದರು. ಮೂರು ಗೋಡೆ ಕೆನೆಯಾಗಿ ನಗುತ್ತಿದ್ದವು. ನಾಲ್ಕನೆಯದು ಶಾಯಿ ಬಾಟಲಿಯೊಳಗೆ ಮುಳುಗಿ ಎದ್ದಂತಿತ್ತು.

‘ರೀ, ಇದೇನಿದು?’

‘ಗೋಡೆ.’

‘ಗೋಡೆ ಅಂತ ಗೊತ್ತು. ಬೆಳಿಗ್ಗೆನೂ ಗೋಡೆಯಾಗೇ ಇತ್ತು. ಈಗ ಯಾಕೆ ಬಾವಿ ಇಣುಕಿ ನೋಡಿದ ಹಾಗಿದೆ?’

ಪೇಂಟರು ತಲೆಯೆತ್ತಿ ಫೋನಿನ ಮಾತುಕತೆಯನ್ನು ಶಬ್ದ ಬಿಡದೆ ಒಪ್ಪಿಸಿದರು. ಕಂಡಕ್ಟರಿಗೆ ತಮ್ಮ ಮಾತೇ ತಮಗೆ ಅಪರಿಚಿತವಾಗಿ ಕೇಳಿಸಿತು.

‘ನಾನು ಕರೆಂಟಿನ ಲೈಟ್ ಅಂದ್ಕೊಂಡೆ’ ಎಂದರು.

‘ಬಣ್ಣ ಹೊಡೆಯೋರು ಫೋನ್ ಮಾಡಿದ್ರೆ ಬಣ್ಣದ ವಿಷಯ ಅಂತ ಹೊಳೀಬಾರ್ದಾ?’

‘ಲೈಟ್ ಅಂದ್ರೆ ದೀಪ. ಊರಿಗೆಲ್ಲ ದೀಪ. ನಿನಗೊಬ್ಬಳಿಗೆ ತಿಳಿಬಣ್ಣ ಆದ್ರೆ ನಾನೇನು ಮಾಡ್ಲಿ?’

‘ನನ್ನ ಆಫೀಸಲ್ಲಿ ಲೈಟ್ ಅಂದ್ರೆ ಹಗುರ. ಲೈಟ್ ಪಾರ್ಸೆಲ್ ಈ ಕಡೆ, ಹೆವಿ ಆ ಕಡೆ. ಹಾಗಂತ ನಾನೇನು ಗೋಡೆ ತೂಕ ಹಾಕಿ ಅಂದ್ನಾ ಇವರಿಗೆ? ಎಲ್ಲಿ ಏನರ್ಥ ಅಂತ ಜಾಗ ನೋಡಿ ತಿಳ್ಕೋಬೇಕು.’

‘ಆಯ್ತು, ಲೈಟ್ ನನ್ನ ತಪ್ಪು ಅಂತಿಟ್ಕೋ. ಆದ್ರೆ ರೈಟ್? ಅದು ನಾನು ಡ್ರೈವರಿಗೆ ಹೇಳಿದ್ದು. ರೈಟ್ ಅಂದ್ರೆ ಹೊರಡು ಅಂತ.’

‘ಬಸ್ಸು ಬಿಟ್ಟು ಇಳಿದ್ರೆ ಬಲಗಡೆ ಅಂತ.’

‘ನಾನು ರೈಟ್ ಅಂದಾಗೆಲ್ಲ ಡ್ರೈವರು ಬಲಕ್ಕೆ ತಿರುಗಿಸಿದ್ರೆ ಬಸ್ಸು ಇಷ್ಟೊತ್ತಿಗೆ ಯಾರದೋ ಅಡುಗೆಮನೇಲಿರ್ತಿತ್ತು. ನಮ್ಮ ಡ್ರೈವರಿಗಿರೋ ಬುದ್ಧಿ ಇವರಿಗೆ ಬೇಡ್ವಾ?’

ಪೇಂಟರಿಗೆ ಇದು ನಾಟಿತು. ‘ಸಾರ್, ನಾನು ಓದೋವಾಗ ರೈಟ್ ಅಂದ್ರೆ ಸರಿ ಉತ್ತರಕ್ಕೆ ಹಾಕೋ ಗೀಟು. ನನಗೆ ಅದು ಬಿದ್ದದ್ದು ಕಮ್ಮಿ, ಒಪ್ಕೋತೀನಿ. ಆದ್ರೆ ಯಾವ ಗೋಡೆ ಅಂತ ಕೇಳಿದಾಗ ರೈಟ್ ಅಂದ್ರೆ ಯಾರಾದ್ರೂ ಬಲಗೋಡೆನೇ ಅಂದ್ಕೊಳ್ಳೋದು.’

‘ಬಲಗೋಡೆ ಅಂತೀರಿ, ಇದು ಬಾಗಿಲಿಂದ ಬಂದ್ರೆ ಎಡಗಡೆ ಇದೆಯಲ್ರೀ.’

‘ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಫೋನ್ ಮಾಡಿದ್ದು ಸಾರ್. ಅಲ್ಲಿಂದ ಇದೇ ರೈಟು.’

ಹೀಗೆ ಬಲ ಯಾವುದೆಂಬುದೂ ಬಗೆಹರಿಯದೆ ಹೋದಾಗ ಕಂಡಕ್ಟರು ಸಂಧಾನಕ್ಕಿಳಿದರು. ‘ಹೋಗ್ಲಿ. ಅದರ ಮೇಲೆ ಲೈಟಾಗಿ ಒಂದು ಕೈ ಕೆನೆ ಬಳಿದುಬಿಡಿ.’

‘ಲೈಟಾಗಿ ಬಳಿದ್ರೆ ನೀಲಿ ಇಣುಕುತ್ತೆ ಸಾರ್. ದಪ್ಪಕ್ಕೆ ಬಳಿದ್ರೆ ಒಣಗಲ್ಲ. ನಾಳೆ ದೊಡ್ಡಮ್ಮಾವ್ರು ಬಂದು ಕೈ ಊರಿದ್ರೆ ಗೋಡೆಗೇ ಅಂಟ್ಕೋತಾರೆ.’ ಆಮೇಲೆ ಪಾರ್ಸೆಲಮ್ಮನ ಕಡೆ ತಿರುಗಿ ಮೃದುವಾಗಿ, ‘ಅಮ್ಮ, ಇದನ್ನ ಸ್ವಲ್ಪ ಲೈಟಾಗಿ ತಗೊಳ್ಳಿ’ ಎಂದರು.

ಅದು ಆ ಪದದ ಮತ್ತೊಂದು ಅರ್ಥ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಂತು. ಪಾರ್ಸೆಲಮ್ಮ ನೋಡಿದ ನೋಟಕ್ಕೆ ಹಸಿ ಬಣ್ಣವೂ ಒಣಗಬೇಕಿತ್ತು. ಪೇಂಟರು ಬಕೆಟ್ಟಿನ ಸಮೇತ ಅಂತರ್ಧಾನರಾದರು.

ಊಟಕ್ಕೆ ಕೂತಾಗಲೂ ವಿಚಾರಣೆ ನಿಲ್ಲಲಿಲ್ಲ. ಎರಡು ಪದಗಳಲ್ಲಿ ಹೆಚ್ಚು ಕಿಡಿಗೇಡಿ ಯಾವುದು ಎಂಬ ಗಹನ ಪ್ರಶ್ನೆ ತಟ್ಟೆಗಳ ನಡುವೆ ಬಂದು ಕೂತಿತು. ಲೈಟು ದೀಪವೂ ಹೌದು, ತಿಳಿಯೂ ಹೌದು, ಹಗುರವೂ ಹೌದು, ಹೊಟ್ಟೆ ಕೆಟ್ಟಾಗ ಉಣ್ಣುವ ಊಟವೂ ಹೌದು; ಆದರೆ ಕೊನೆಗೆ ಎಲ್ಲವೂ ಭಾರವಿಲ್ಲದ ಒಳ್ಳೆಯ ಸಂಗತಿಗಳೇ ಎಂದು ಪಾರ್ಸೆಲಮ್ಮ ಅದರ ಪರ ವಹಿಸಿದರು. ರೈಟು ಹಾಗಲ್ಲ, ಹೊರಡು ಎನ್ನುತ್ತದೆ, ಯಾವ ಕಡೆಗೆ ಎಂದು ತೋರಿಸುತ್ತದೆ, ಸರಿಯಾಗಿ ಬಂದೆ ಎಂದು ಬೆನ್ನನ್ನೂ ತಟ್ಟುತ್ತದೆ. ಇಷ್ಟು ಕೆಲಸ ಮಾಡುವ ಪದವನ್ನು ಬೈಯಬಾರದು ಎಂದು ಕಂಡಕ್ಟರು ಅದರ ವಕೀಲರಾದರು.

‘ಇನ್ನೊಂದು ಬಿಟ್ರಿ’ ಎಂದರು ಪಾರ್ಸೆಲಮ್ಮ. ‘ಹಕ್ಕು ಅನ್ನೋದಕ್ಕೂ ಅದೇ ಪದ.’

‘ಹೌದಲ್ಲ. ಈ ಮನೇಲಿ ನನಗೂ ಒಂದು ರೈಟ್ ಇದೆ.’

‘ಇದೆ. ಗೋಡೆ ಮೇಲೇ ಇದೆಯಲ್ಲ, ನೀಲಿಯಾಗಿ.’

ಕಂಡಕ್ಟರು ನಕ್ಕರು. ಆಕೆ ನಗಲಿಲ್ಲ. ಅನ್ನವನ್ನು ಕೈಯಲ್ಲೇ ಹಿಡಿದು ಗೋಡೆಯನ್ನು ನೋಡುತ್ತ, ‘ಅಮ್ಮನಿಗೆ ಕತ್ತಲೆ ಕಂಡ್ರೆ ಭಯ ರೀ’ ಎಂದರು. ‘ಬಿದ್ದಾಗಿನಿಂದ ನೆಲಕ್ಕೆ ಕಾಲಿಡಬೇಕಾದ್ರೆ ನನ್ನ ಕೈ ಎಷ್ಟು ಗಟ್ಟಿ ಹಿಡ್ಕೋತಾಳೆ ಗೊತ್ತಾ. ಇಲ್ಲಿಗೆ ಬಂದು ಮತ್ತೆ ಮಂಚ ಹಿಡಿದ್ರೆ ಇನ್ಯಾವತ್ತೂ ಏಳಲ್ಲ.’

ಅತ್ತೆ ಎಂದರೆ ಕಂಡಕ್ಟರಿಗೂ ಪ್ರೀತಿ. ಮದುವೆಯಾದ ಹೊಸತರಲ್ಲಿ, ಬಸ್ಸಿನಲ್ಲಿ ನಿಂತು ನಿಂತು ಊದಿದ ಅವರ ಕಾಲಿಗೆ ಬಿಸಿನೀರು ಕಾಯಿಸಿ ತಂದಿಟ್ಟವರು ಆಕೆ. ಮಾರನೆಯ ಬೆಳಿಗ್ಗೆ ಅವರು ಯಾರಿಗೂ ಹೇಳದೆ ಅಂಗಡಿಗೆ ಹೋಗಿ, ಇದ್ದುದರಲ್ಲೇ ಪ್ರಖರವಾದ ಬಲ್ಬು ತಂದು ಹಾಲಿನ ನಡುವೆ ತೂಗುಹಾಕಿದರು. ಕರೆಂಟಿಗೆ ಅಂಜುವ ಮನುಷ್ಯ ಸ್ವಂತ ಕೈಯಿಂದ ಸ್ವಿಚ್ಚು ಒತ್ತಿದ್ದನ್ನು ಪಾರ್ಸೆಲಮ್ಮ ಅಡುಗೆಮನೆಯಿಂದ ನೋಡಿದರು. ಅಂದು ಗಂಡನ ತಟ್ಟೆಗೆ ಪಲ್ಯ ಹೆಚ್ಚು ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಬಂದರು. ಕಂಡಕ್ಟರು ರಜೆ ಹಾಕಿ, ಬಲ್ಬು ಉರಿಸಿ, ಬಾಗಿಲ ಬಳಿ ಅಪರಾಧಿಯ ಹಾಗೆ ನಿಂತಿದ್ದರು. ಮಗಳ ತೋಳು ಹಿಡಿದು ಹೊಸ್ತಿಲು ದಾಟಿದ ಮುದುಕಿ ಅಲ್ಲೇ ನಿಂತುಬಿಟ್ಟರು. ಪಾರ್ಸೆಲಮ್ಮ ಗಂಡನನ್ನು ನೋಡಿದರು. ಕಂಡಕ್ಟರು ಬಲ್ಬನ್ನು ನೋಡಿದರು.

‘ಅದು ರೂಮಿನ ಬಾಗಿಲಾ?’ ಎಂದರು ಅತ್ತೆ, ನೀಲಿ ಗೋಡೆಯ ಕಡೆ ಕೈ ಚಾಚಿ.

‘ಹೌದಮ್ಮ.’

‘ಬೆಳ್ಳಗೆ ಚೌಕಟ್ಟು ಕಾಣ್ತಿದೆ. ಅದರ ಪಕ್ಕ ಸ್ವಿಚ್ಚು. ಈ ಕಡೆ ಒಂದು ಬಿಳಿ ಕುರ್ಚಿ. ಅಲ್ವಾ?’

ಮುದುಕಿ ಮಗಳ ತೋಳನ್ನು ಬಿಟ್ಟರು. ಒಂದೊಂದೇ ಹೆಜ್ಜೆ ಇಡುತ್ತ ಹಾಲು ದಾಟಿದರು, ಕುರ್ಚಿಯ ಬೆನ್ನು ಹಿಡಿದರು, ಚೌಕಟ್ಟು ಮುಟ್ಟಿದರು, ಸುಮ್ಮನೆ ಮುಟ್ಟಬೇಕೆಂದೇ ಸ್ವಿಚ್ಚನ್ನೂ ಮುಟ್ಟಿದರು.

‘ನಿಮ್ಮಣ್ಣನ ಮನೇಲಿ ಎಲ್ಲಾ ಬಿಳೀನೇ. ಬಾಗಿಲೂ ಬಿಳಿ, ಗೋಡೆನೂ ಬಿಳಿ. ಹಿಟ್ಟಿನ ಡಬ್ಬದೊಳಗೆ ಓಡಾಡಿದ ಹಾಗಾಗ್ತಿತ್ತು ನನಗೆ’ ಎಂದು ಕುರ್ಚಿಯಲ್ಲಿ ಕೂತರು. ‘ಈ ಗೋಡೆ ಯಾರು ಮಾಡ್ಸಿದ್ದು?’

ಪಾರ್ಸೆಲಮ್ಮ ಇನ್ನೂ ಅಮ್ಮನ ಕಾಲುಗಳನ್ನೇ ನೋಡುತ್ತಿದ್ದರು. ಆ ಸಣ್ಣ ಸಂದಿಯಲ್ಲಿ ಕಂಡಕ್ಟರು ನುಗ್ಗಿದರು. ‘ನಾನೇ ಅತ್ತೆ. ನಿಮ್ಮ ಕಣ್ಣಿನ ವಿಷಯ ಬಹಳ ಯೋಚನೆ ಮಾಡಿ ಮಾಡ್ಸಿದೆ.’

‘ಹೆತ್ತ ಮಗನಿಗೂ ಹೊಳೀಲಿಲ್ಲ ನೋಡಿ ಇದು’ ಎಂದು ಅತ್ತೆ ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಪಾರ್ಸೆಲಮ್ಮ ಸೆರಗಿನಿಂದ ಕಣ್ಣೊರಸಿಕೊಂಡು, ಅದೇ ಕಣ್ಣಿನಿಂದ ಗಂಡನನ್ನು ದುರುಗುಟ್ಟಿ, ಚಹಾ ಮಾಡಲು ಹೋದರು.

ಆಮೇಲಿನ ದಿನಗಳಲ್ಲಿ ಕಂಡಕ್ಟರ ವೈಭವ ನೋಡಬೇಕಿತ್ತು. ಅತ್ತೆ ಮನೆಯೆಲ್ಲ ಓಡಾಡತೊಡಗಿದರು, ಬಟ್ಟೆ ಮಡಿಸತೊಡಗಿದರು, ನೀಲಿ ಗೋಡೆಗೆ ಎದುರಾಗಿ ಕುರ್ಚಿ ಹಾಕಿಸಿಕೊಂಡು ಮಾತಿಗೆ ಕೂರತೊಡಗಿದರು. ಕಂಡಕ್ಟರು ಬಸ್ಸಿನಲ್ಲಿ ಪರಿಚಯದವರಿಗೆಲ್ಲ ಗೋಡೆಯ ತತ್ತ್ವ ಬೋಧಿಸಿದರು. ಪೇಂಟರು ಬೇರೆ ಮನೆಗಳಲ್ಲಿ ‘ಇದು ನಮ್ಮ ಕಂಡಕ್ಟರ್ ಸಾರ್ ಡಿಸೈನು’ ಎಂದು ಹೇಳಿ ಇನ್ನೆರಡು ಗೋಡೆಗೆ ನೀಲಿ ಬಳಿದರಂತೆ. ಪಾರ್ಸೆಲಮ್ಮ ಯಾವುದನ್ನೂ ತಿದ್ದಲು ಹೋಗಲಿಲ್ಲ. ಅಮ್ಮ ನಡೆಯುತ್ತಿದ್ದರು, ಅಷ್ಟು ಸಾಕಿತ್ತು.

ಒಂದು ಸಂಜೆ ಮೂವರೂ ಚಹಾಕ್ಕೆ ಕೂತಿದ್ದರು. ಕಂಡಕ್ಟರ ಲೋಟದಲ್ಲಿ ಸಕ್ಕರೆ ಇರಲಿಲ್ಲ. ಇತ್ತೀಚೆಗೆ ಡಾಕ್ಟರು ಅವರ ರಕ್ತ ನೋಡಿ ಸಿಹಿಯನ್ನೆಲ್ಲ ನಿಷೇಧಿಸಿದ್ದರು. ಮನೆಯ ಸಿಹಿ ಬಿಸ್ಕತ್ತಿನ ಡಬ್ಬ ನೀಲಿ ಗೋಡೆಯ ಮೇಲಿನ ಹಲಗೆಗೆ ವರ್ಗವಾಗಿತ್ತು.

‘ಅಮ್ಮ, ಈಗ ನಿಜವಾಗ್ಲೂ ಎಷ್ಟು ಕಾಣುತ್ತೆ ನಿನಗೆ?’ ಎಂದು ಪಾರ್ಸೆಲಮ್ಮ ಕೇಳಿದರು. ‘ನನ್ನ ಸಮಾಧಾನಕ್ಕೆ ಹೇಳ್ಬೇಡ.’

‘ಸಮಾಧಾನಕ್ಕೇನು, ಆ ಗೋಡೆ ಮುಂದೆ ಏನೇ ಬಂದ್ರೂ ಕಾಣುತ್ತೆ ನನಗೆ.’

‘ಉದಾಹರಣೆಗೆ?’

ಅತ್ತೆ ಪರೀಕ್ಷೆಗೆ ಚೆನ್ನಾಗಿ ಓದಿಕೊಂಡ ಹುಡುಗಿಯ ಹಾಗೆ ನೆಟ್ಟಗೆ ಕೂತರು. ‘ಈಗ ನೋಡು, ದಿನಾ ಮಧ್ಯಾಹ್ನ ನೀನು ಆಫೀಸಲ್ಲಿರ್ತೀಯ. ಅಳಿಯಂದ್ರು ಊಟಕ್ಕೆ ಬರ್ತಾರೆ. ನಾನು ಈ ಕುರ್ಚೀಲಿ ತೂಕಡಿಸ್ತಿರ್ತೀನಿ. ಅವರು ಬಿಳಿ ಬನಿಯನ್ ಹಾಕ್ಕೊಂಡು ತುದಿಗಾಲಲ್ಲಿ ಬಂದು ಆ ಹಲಗೆ ಹತ್ರ ನಿಲ್ತಾರೆ. ಕೈ ಮೇಲೆ ಚಾಚ್ತಾರೆ. ಡಬ್ಬ ಇಳಿಸ್ತಾರೆ. ನಿನ್ನೆ ಮೂರು ತಿಂದ್ರು, ಇವತ್ತು ಐದು. ಬಾಯಿ ಆಡೋದೂ ಕಾಣುತ್ತೆ. ಆಮೇಲೆ ಡಬ್ಬ ಇದ್ದ ಹಾಗೇ ಇಡ್ತಾರೆ, ಎಷ್ಟು ಅಚ್ಚುಕಟ್ಟು ಅಂತೀಯ.’

ಕಂಡಕ್ಟರ ಕೈಯ ಲೋಟ ತುಟಿಗೂ ಮೇಜಿಗೂ ನಡುವೆ ನಿಂತುಹೋಯಿತು.

‘ಕಣ್ಣು ಚೆನ್ನಾಗಿ ಕಾಣ್ತಿದೆ ಅಲ್ವಾ?’ ಎಂದು ಅತ್ತೆ ಮಗಳ ಕಡೆ ತಿರುಗಿದರು, ಮೆಚ್ಚುಗೆಗಾಗಿ.

‘ಬಹಳ ಚೆನ್ನಾಗಿ ಕಾಣ್ತಿದೆ ಅಮ್ಮ’ ಎಂದರು ಪಾರ್ಸೆಲಮ್ಮ. ಆಕೆಗೆ ನಗು ತಡೆಯಲಾಗಲಿಲ್ಲ. ಬಹಳ ದಿನಗಳಿಂದ ಒಳಗೇ ಕಟ್ಟಿಟ್ಟಿದ್ದ ನಗು. ಲೋಟ ಕೆಳಗಿಟ್ಟು, ಬೆನ್ನು ಬಗ್ಗಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಎದ್ದು ಡಬ್ಬ ಇಳಿಸಿ, ಅಮ್ಮನ ತಟ್ಟೆಗೆ ಎರಡು ಬಿಸ್ಕತ್ತು ಇಟ್ಟು, ಉಳಿದದ್ದನ್ನು ತಮ್ಮ ಆಫೀಸಿನ ಚೀಲಕ್ಕೆ ಹಾಕಿ ಜಿಪ್ಪು ಎಳೆದರು.

ಕಂಡಕ್ಟರಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಹೆಂಡತಿ ಹೀಗೆ ನಕ್ಕು ಎಷ್ಟು ಕಾಲವಾಗಿತ್ತು. ಅತ್ತೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಒಂದು ಹನಿ ಚೆಲ್ಲದೆ, ನೇರವಾಗಿ ಬಾಯಿಗಿಟ್ಟುಕೊಂಡದ್ದನ್ನು ನೋಡುತ್ತ ಅವರೂ ಸಪ್ಪೆ ಚಹಾವನ್ನು ಹೀರಿದರು. ಆಮೇಲೆ ಮೆಲ್ಲಗೆ ಎದ್ದು, ತಮ್ಮ ಕುರ್ಚಿಯನ್ನು ನೀಲಿ ಗೋಡೆಯ ಬಳಿಯಿಂದ ಎತ್ತಿ ಎದುರಿನ ಕೆನೆ ಗೋಡೆಯ ಪಕ್ಕಕ್ಕೆ ಹಾಕಿಕೊಂಡರು.

‘ಅಳಿಯಂದ್ರೇ, ಅಲ್ಲಿಗೆ ಯಾಕೆ ಹೋದ್ರಿ?’ ಎಂದರು ಅತ್ತೆ. ‘ಅಲ್ಲಿದ್ರೆ ನೀವು ನನಗೆ ಕಾಣೋದೇ ಇಲ್ಲ.’

‘ಅದಕ್ಕೇ ಹೋಗಿದ್ದು, ಅಮ್ಮ’ ಎಂದರು ಪಾರ್ಸೆಲಮ್ಮ.